ಶಸ್ತ್ರದ ಬಳಿಕ ಕಿರಣ: ಒಂದು ಚಿಕಿತ್ಸಾಕ್ರಮದ ವಿಮರ್ಶೆ

ಒಂದು ಚಿಕಿತ್ಸಾಕ್ರಮವನ್ನು ವಿಮರ್ಶಿಸಹೊರಟವನು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಬೇಕಾಗುತ್ತದೆ: ಅದು ರೋಗಿಯ ಪ್ರಾಣವನ್ನು ಉಳಿಸಿತೆ? ಉಳಿಸಿದುದಕ್ಕೆ ಪ್ರತಿಯಾಗಿ ಅವನಿಂದ ಏನೇನನ್ನು ಪಡೆದುಕೊಂಡಿತು? ಮೊದಲನೆಯದನ್ನು ಮಾತ್ರ ಕೇಳಿ ನಿಲ್ಲುವವನು ಸ್ತುತಿಪಾಠಕನಾಗುತ್ತಾನೆ. ಎರಡನೆಯದನ್ನೇ ಹಿಡಿದು ಹೊರಡುವವನು, ಆ ಚಿಕಿತ್ಸೆಯಿಲ್ಲದ ಕಾಲದಲ್ಲಿ ಅಂಥ ರೋಗಿಯ ಗತಿ ಏನಾಗುತ್ತಿತ್ತೆಂಬುದನ್ನು ಮರೆತವನಾಗುತ್ತಾನೆ. ಮಿದುಳಿನ ವಿರಳವಾದ ಗೆಡ್ಡೆಗಳನ್ನು ಶಸ್ತ್ರದಿಂದ ತೆಗೆದ ಬಳಿಕ ನೀಡುವ ವಿಕಿರಣ ಚಿಕಿತ್ಸೆ ಈ ಎರಡು ಪ್ರಶ್ನೆಗಳಿಗೂ ಒಂದೇ ಕಾಲದಲ್ಲಿ ಉತ್ತರ ಕೊಡತಕ್ಕ ವಿದ್ಯೆ. ಅದರ ಗುಣದೋಷಗಳೆಲ್ಲ ಒಂದೆಡೆ ಕಾಣಸಿಗುವುದು ಮೆಡುಲ್ಲೋಬ್ಲಾಸ್ಟೋಮಾ ಎಂಬ ಗೆಡ್ಡೆಯ ವಿಷಯದಲ್ಲಿ. ಆದುದರಿಂದ ಈ ವಿಚಾರವನ್ನು ಅದಕ್ಕೇ ಸೀಮಿತಗೊಳಿಸಿದ್ದೇನೆ.

ಈ ಗೆಡ್ಡೆ ಹುಟ್ಟುವುದು ಕಿರುಮೆದುಳಿನಲ್ಲಿ, ಎಂದರೆ ತಲೆಯ ಹಿಂಭಾಗದಲ್ಲಿದ್ದು ನಡಿಗೆಯ ಸಮತೋಲವನ್ನು ಕಾಯುವ ಭಾಗದಲ್ಲಿ. ಬಹುಮಟ್ಟಿಗೆ ಅದು ಮಕ್ಕಳ ರೋಗ. ಬೆಳಗಿನ ಹೊತ್ತಿನ ತಲೆನೋವು, ವಾಂತಿ, ನಡೆವಾಗ ತೂರಾಟ ಇವೇ ಅದರ ಮೊದಲ ಲಕ್ಷಣಗಳಾದುದರಿಂದ, ಪಿತ್ತವೆಂದೋ ಅಜೀರ್ಣವೆಂದೋ ಭಾವಿಸಿ ಮನೆಮದ್ದಿನಲ್ಲಿ ವಾರಗಳು ಕಳೆದುಹೋಗುವುದುಂಟು. ಶಸ್ತ್ರವೈದ್ಯನು ಕಣ್ಣಿಗೆ ಕಾಣುವ ಗೆಡ್ಡೆಯನ್ನೆಲ್ಲ ತೆಗೆದರೂ ರೋಗ ಮುಗಿಯುವುದಿಲ್ಲ. ಮಿದುಳನ್ನೂ ಬೆನ್ನುಹುರಿಯನ್ನೂ ಸುತ್ತುವರಿದು ಹರಿಯುವ ದ್ರವವೊಂದಿದೆ. ಕಾಲುವೆಯ ನೀರು ಕಳೆಯ ಬೀಜವನ್ನು ಗದ್ದೆಯಿಂದ ಗದ್ದೆಗೆ ಒಯ್ಯುವಂತೆ ಅದು ಗೆಡ್ಡೆಯ ಜೀವಕೋಶಗಳನ್ನು ಬೆನ್ನಿನ ತುದಿಯವರೆಗೆ ಒಯ್ದು ಬಿತ್ತಬಲ್ಲುದು. ಶಸ್ತ್ರಕ್ಕೆ ನಿಲುಕದ ಈ ಬಿತ್ತನೆಯನ್ನು ನಾಶಮಾಡುವ ಸಲುವಾಗಿಯೇ ಇಡೀ ಮಿದುಳಿಗೂ ಇಡೀ ಬೆನ್ನುಹುರಿಗೂ ಕಿರಣ ಹಾಯಿಸುವ ಕ್ರಮ ಏರ್ಪಟ್ಟಿತು.

ಆ ಕ್ರಮಕ್ಕೆ ಮುಂಚಿನ ಸ್ಥಿತಿಯನ್ನು ನೆನೆಯದೆ ಅದರ ಬೆಲೆ ಕಟ್ಟಲಾಗದು. ಅಮೆರಿಕದ ಹಾರ್ವಿ ಕುಶಿಂಗ್, ಪರ್ಸಿವಲ್ ಬೇಯ್ಲಿ ಎಂಬವರು 1925ರಲ್ಲಿ ಈ ಗೆಡ್ಡೆಯನ್ನು ಪ್ರತ್ಯೇಕವಾಗಿ ಗುರುತಿಸಿ ಹೆಸರಿಟ್ಟರು. ಐದು ವರ್ಷಗಳ ತರುವಾಯ ಕುಶಿಂಗ್ ತನ್ನ ಅನುಭವವನ್ನು ಬರೆದಿಟ್ಟಾಗ, 61 ರೋಗಿಗಳಲ್ಲಿ ಮೂರು ವರ್ಷ ಬದುಕಿ ಉಳಿದದ್ದು ಒಬ್ಬರೇ ಒಬ್ಬರು. ಆ ಕಾಲದಲ್ಲಿ ಜಗತ್ತಿನ ಅತ್ಯಂತ ನಿಪುಣವಾದ ಶಸ್ತ್ರಹಸ್ತವೆಂದು ಹೆಸರಾದ ಕೈಯಿಂದ ದೊರೆತ ಫಲ ಇಷ್ಟು! ಮ್ಯಾಂಚೆಸ್ಟರಿನ ಎಡಿತ್ ಪೇಟರ್ಸನ್ ಮತ್ತು ಫಾರ್ ಎಂಬವರು 1953ರಲ್ಲಿ, ಇಡೀ ಕೇಂದ್ರ ನರಮಂಡಲಕ್ಕೆ ಕ್ರಮಬದ್ಧವಾಗಿ ಕಿರಣ ಹಾಯಿಸಿದರೆ ಸುಮಾರು ಮೂರರಲ್ಲಿ ಎರಡು ಪಾಲು ರೋಗಿಗಳು ಮೂರು ವರ್ಷ ದಾಟುತ್ತಾರೆಂದು ತೋರಿಸಿದಾಗ, ಒಂದು ಮರಣಶಾಸನ ತಿದ್ದುಪಡಿಗೊಂಡಿತೆಂದೇ ಹೇಳಬೇಕು. ಮುಂದಿನ ಟೀಕೆಯೆಲ್ಲ ಈ ಋಣವನ್ನು ಒಪ್ಪಿಕೊಂಡು ಮಾಡತಕ್ಕುದು.

ಇನ್ನು ಈ ವಿದ್ಯೆಯ ಕುಶಲತೆಯ ಮಾತು. ತಲೆಗೊಂದು, ಬೆನ್ನಿಗೊಂದು ಎಂದು ಬೇರೆ ಬೇರೆ ಕಿರಣಕ್ಷೇತ್ರಗಳನ್ನು ರಚಿಸಬೇಕಾಗುತ್ತದೆ. ಅವು ಕೂಡುವೆಡೆಯಲ್ಲಿ ಒಂದರ ಮೇಲೊಂದು ಬಿದ್ದರೆ ಬೆನ್ನುಹುರಿ ಸುಡುತ್ತದೆ, ನಡುವೆ ತೆರಪು ಉಳಿದರೆ ಅಲ್ಲಿ ರೋಗ ಬದುಕುತ್ತದೆ. ಆದುದರಿಂದ ಆ ಸಂಧಿಸ್ಥಾನವನ್ನು ಚಿಕಿತ್ಸೆಯ ಅವಧಿಯಲ್ಲಿ ಆಗಾಗ ಸ್ಥಳಾಂತರಿಸುವ ಪದ್ಧತಿ ಬಂದಿತು. ಮುಖಕ್ಕೆ ಬಿಗಿಯಾಗಿ ಹೊಂದುವ ಮುಖವಾಡ ತೊಟ್ಟು ಮಗು ಕದಲದೆ ಮಲಗಿರಬೇಕು. ತೀರ ಚಿಕ್ಕ ಮಗುವಿಗೆ ದಿನದಿನವೂ ಅರಿವಳಿಕೆ ಕೊಡಬೇಕಾದೀತು. ಮೂಗಿನ ಮೇಲ್ಗಡೆ, ಮಿದುಳಿನ ಅಡಿಯಲ್ಲಿ, ಜರಡಿಯಂತೆ ರಂಧ್ರಗಳಿರುವ ತೆಳುವಾದ ಮೂಳೆಯೊಂದಿದೆ. ಕಣ್ಣನ್ನು ರಕ್ಷಿಸುವ ಸದುದ್ದೇಶದಿಂದ ಅಡ್ಡಗಟ್ಟು ತುಸು ಹೆಚ್ಚಾಗಿ ಇಟ್ಟರೆ ಆ ಭಾಗ ಕಿರಣದಿಂದ ವಂಚಿತವಾಗಿ, ರೋಗ ಅಲ್ಲಿಂದಲೇ ಮರುಕಳಿಸಬಹುದು. ಕಿರಣಕ್ಷೇತ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದ ಫ್ರಾನ್ಸಿನ ವೈದ್ಯರು, ಒಬ್ಬನೇ ರೋಗಿಯಲ್ಲಿ ಇಂಥ ದೊಡ್ಡ ಲೋಪಗಳು ಒಂದಕ್ಕಿಂತ ಹೆಚ್ಚಾದಾಗ ಮರುಕಳಿಕೆಯ ಸಂಭವ ಬಹಳವಾಗಿ ಏರುವುದನ್ನು ಕಂಡರು. ಔಷಧಿ ಒಂದೇ ಆದರೂ ಅದನ್ನು ಕೊಡುವ ಕೈಯ ಶ್ರದ್ಧೆಯೂ ಔಷಧಿಯ ಒಂದು ಅಂಶವೆನ್ನುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಪ್ರಾಣಕ್ಕೆ ತೆತ್ತ ಬೆಲೆ ಕಾಲಾಂತರದಲ್ಲಿ ಗೋಚರವಾಯಿತು. ಬಹುಕಾಲ ರೂಢಿಯಲ್ಲಿದ್ದ ಪ್ರಮಾಣ, ಇಡೀ ಮಿದುಳಿಗೂ ಬೆನ್ನುಹುರಿಗೂ 36 ಗ್ರೇ (ಗ್ರೇ ಎಂದರೆ ವಿಕಿರಣದ ಅಳತೆಯ ಮಾನ), ಗೆಡ್ಡೆಯಿದ್ದ ಭಾಗಕ್ಕೆ ಅದನ್ನು ಸೇರಿಸಿ ಸುಮಾರು 54 ಗ್ರೇ. ದಿನಕ್ಕೆ 1.8 ಗ್ರೇಯಂತೆ ವಾರಕ್ಕೆ ಐದು ದಿನ ಕೊಟ್ಟರೆ ಆರು ವಾರಗಳ ಚಿಕಿತ್ಸೆ. ಬದುಕಿ ಉಳಿದ ಮಕ್ಕಳು ಶಾಲೆಗೆ ಮರಳಿದ ಮೇಲೆ, ಸಹಪಾಠಿಗಳು ಮುಂದೆ ಹೋಗುತ್ತಿರಲು ಇವರು ಪಾಠವನ್ನು ಗ್ರಹಿಸುವ ವೇಗದಲ್ಲಿ, ಸ್ಮರಣೆಯಲ್ಲಿ, ಏಕಾಗ್ರತೆಯಲ್ಲಿ ವರ್ಷದಿಂದ ವರ್ಷಕ್ಕೆ ಹಿಂದುಳಿಯತೊಡಗಿದರು. ಚಿಕಿತ್ಸೆಯ ಕಾಲದ ವಯಸ್ಸು ಎಷ್ಟು ಕಡಿಮೆಯೋ ಹಾನಿ ಅಷ್ಟು ಹೆಚ್ಚು. ಪಿಟ್ಯೂಟರಿ ಗ್ರಂಥಿ ಕುಗ್ಗಿ ಬೆಳವಣಿಗೆಯ ಹಾರ್ಮೋನು ಸಾಲದಾಯಿತು, ಥೈರಾಯಿಡ್ ಬಳಲಿತು, ಬೆನ್ನಿನ ಮೂಳೆಗಳು ಕಿರಣದಡಿ ಬೆಳೆಯದೆ ನಿಂತು ಮುಂಡ ಗಿಡ್ಡವಾಯಿತು, ಕಿರಣವೂ ಸಿಸ್‌ಪ್ಲಾಟಿನ್ ಎಂಬ ಔಷಧಿಯೂ ಕೂಡಿ ಶ್ರವಣಶಕ್ತಿಯನ್ನು ಕುಂದಿಸಿದವು, ಕೆಲವರಲ್ಲಿ ವರ್ಷಗಳ ಬಳಿಕ ಬೇರೊಂದು ಗೆಡ್ಡೆಯೇ ಹುಟ್ಟಿತು. ಮೂರು ವರ್ಷದೊಳಗಿನ ಶಿಶುಗಳಿಗೆ ಇಡೀ ನರಮಂಡಲದ ಕಿರಣವನ್ನು ಸಾಧ್ಯವಾದಷ್ಟು ತಪ್ಪಿಸಿ ಅಥವಾ ಮುಂದೂಡಿ ಔಷಧಿಗಳನ್ನು ನಂಬುವ ಪದ್ಧತಿ ಈ ಅರಿವಿನಿಂದ ಹುಟ್ಟಿದುದು.

ಇಲ್ಲಿಂದ ಮುಂದಿನ ಚರಿತ್ರೆಯೇ ನನ್ನ ದೃಷ್ಟಿಯಲ್ಲಿ ಈ ವಿದ್ಯೆಯ ಅತ್ಯುನ್ನತವಾದ ಅಧ್ಯಾಯ. ಪ್ರಮಾಣವನ್ನು ತಗ್ಗಿಸಬೇಕೆಂಬ ಆಸೆ ಎಲ್ಲರಿಗೂ ಇತ್ತು. ಆದರೆ ಆಸೆಯನ್ನೇ ಪುರಾವೆಯೆಂದು ಭಾವಿಸದ ಸಂಯಮವನ್ನು ಈ ವೈದ್ಯರು ತೋರಿದರು. 1980ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದಲ್ಲಿ 36 ಗ್ರೇಗೆ ಬದಲಾಗಿ 23.4 ಗ್ರೇಯನ್ನು, ಕೀಮೋಥೆರಪಿಯ ನೆರವಿಲ್ಲದೆ, ಕೊಟ್ಟು ನೋಡಿದರು. ತಗ್ಗಿದ ಪ್ರಮಾಣದವರಲ್ಲಿ ರೋಗ ಬೇಗ ಮರುಕಳಿಸುವುದು ಕಂಡೊಡನೆ ಹೊಸ ರೋಗಿಗಳನ್ನು ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು. ಎಂಟು ವರ್ಷಗಳ ಬಳಿಕ ರೋಗಮುಕ್ತರಾಗಿ ಉಳಿದವರು ಪೂರ್ಣ ಪ್ರಮಾಣದಲ್ಲಿ ನೂರಕ್ಕೆ 67, ತಗ್ಗಿದ ಪ್ರಮಾಣದಲ್ಲಿ 52. ಈ ಸೋಲಿನಿಂದ ಅವರು ಹಿಂಜರಿಯಲಿಲ್ಲ. ಅದೇ 23.4 ಗ್ರೇಗೆ ಕೀಮೋಥೆರಪಿಯನ್ನು ಜೊತೆಗೂಡಿಸಿ ನಡೆಸಿದ, 2006ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಸಾಮಾನ್ಯ ಅಪಾಯದ ವರ್ಗದ ಮಕ್ಕಳಲ್ಲಿ ಐದು ವರ್ಷಗಳ ಬಳಿಕ ನೂರಕ್ಕೆ 81 ಮಂದಿ ರೋಗ ಮರುಕಳಿಸದೆ ಉಳಿದಿದ್ದರು. ಕಿರಣದ ಹೊರೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚಾಗಿ ಇಳಿದಿತ್ತು. ಪ್ರಾಣರಕ್ಷಣೆಯ ಲೆಕ್ಕ ಕುಗ್ಗಿರಲಿಲ್ಲ.

ಹಾಗಾದರೆ ಇನ್ನೂ ತಗ್ಗಿಸಬಾರದೇಕೆ? 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ಮೂರರಿಂದ ಏಳು ವರ್ಷದ ಮಕ್ಕಳಲ್ಲಿ 18 ಗ್ರೇಯನ್ನು 23.4ರೊಡನೆ ತೂಗಿ ನೋಡಿತು. ಫಲ ನಿರಾಶಾದಾಯಕ: ಐದು ವರ್ಷಗಳ ಬಳಿಕ ರೋಗ ಮರುಕಳಿಸದೆ ಉಳಿದವರು 18 ಗ್ರೇಯ ಕಡೆ ನೂರಕ್ಕೆ 71.4, 23.4ರ ಕಡೆ 82.9. ಆದರೆ ಅದೇ ಅಧ್ಯಯನ ಇನ್ನೊಂದು ಪ್ರಶ್ನೆಯನ್ನೂ ಕೇಳಿತ್ತು. ಹೆಚ್ಚಿನ ಪ್ರಮಾಣವನ್ನು ಕಿರುಮೆದುಳಿರುವ ಕುಳಿಗೆಲ್ಲ ಕೊಡಬೇಕೆ, ಗೆಡ್ಡೆಯಿದ್ದ ಜಾಗಕ್ಕಷ್ಟೇ ಸಾಕೆ? ಸಾಕೆಂಬ ಉತ್ತರ ಬಂದಿತು. ಹಾಗೆ ಉಳಿದವರು ಚಿಕ್ಕ ಕ್ಷೇತ್ರದವರಲ್ಲಿ ನೂರಕ್ಕೆ 82.5, ದೊಡ್ಡ ಕ್ಷೇತ್ರದವರಲ್ಲಿ 80.5. ಒಂದೇ ಪರೀಕ್ಷೆ ಒಂದು ಬಾಗಿಲನ್ನು ಮುಚ್ಚಿ ಇನ್ನೊಂದನ್ನು ತೆರೆದುದು, ಯಾವುದು ತೆರೆದೀತೆಂಬುದನ್ನು ಊಹೆಯಿಂದ ನಿರ್ಣಯಿಸಲಾಗದೆಂಬುದಕ್ಕೆ ಸಾಕ್ಷಿ.

ಈ ವಿವೇಕಕ್ಕೆ ನಮ್ಮ ದೇಶದ ಕೊಡುಗೆಯೂ ಉಂಟು. ಮೆಡುಲ್ಲೋಬ್ಲಾಸ್ಟೋಮಾ ಒಂದೇ ರೋಗವಲ್ಲ, ಅಣುಮಟ್ಟದಲ್ಲಿ ನಾಲ್ಕು ಬಗೆಯದೆಂಬ ಒಮ್ಮತ 2012ರ ಹೊತ್ತಿಗೆ ಮೂಡಿತು. ಅವುಗಳಲ್ಲಿ ಡಬ್ಲ್ಯುಎನ್‌ಟಿ ಎಂಬ ಬಗೆಯ ಮಕ್ಕಳು ಬಹುಪಾಲು ಗುಣಹೊಂದುತ್ತಾರೆ. ಇಂಥವರಿಗೆ ಇಡೀ ಮಿದುಳನ್ನೂ ಬೆನ್ನುಹುರಿಯನ್ನೂ ಬಿಟ್ಟು ಗೆಡ್ಡೆಯಿದ್ದ ಜಾಗಕ್ಕೆ ಮಾತ್ರ ಕಿರಣ ಕೊಟ್ಟರೆ ಸಾಲದೆ ಎಂದು ಮುಂಬಯಿಯ ಟಾಟಾ ಸ್ಮಾರಕ ಕೇಂದ್ರದ ವೈದ್ಯರು ಪರೀಕ್ಷಿಸಿದರು. ಕೆಲವೇ ಮಕ್ಕಳ ಚಿಕಿತ್ಸೆಯಾಗುವಷ್ಟರಲ್ಲಿ, ಕಿರಣ ಬೀಳದ ನರಮಂಡಲದಲ್ಲಿ ರೋಗ ಮರಳಿದ್ದು ಕಂಡು ಪ್ರಯೋಗವನ್ನು ನಿಲ್ಲಿಸಿ, ಈ ಅಪಾಯ ಒಪ್ಪತಕ್ಕುದಲ್ಲವೆಂದು 2022ರಲ್ಲಿ ಲೋಕಕ್ಕೆ ತಿಳಿಸಿದರು. ಯಶಸ್ಸನ್ನು ಸಾರುವುದು ಸುಲಭ. ವಿಫಲವಾದ ಪ್ರಯೋಗವನ್ನು ತಡಮಾಡದೆ, ಮುಚ್ಚುಮರೆಯಿಲ್ಲದೆ ಪ್ರಕಟಿಸುವುದು ಶಾಸ್ತ್ರನಿಷ್ಠೆಯ ಕೆಲಸ, ಮತ್ತು ಎಲ್ಲಿಯೋ ದೂರದಲ್ಲಿರುವ, ಮುಂದೆ ಹುಟ್ಟಲಿರುವ ಮಕ್ಕಳ ವಿಷಯದಲ್ಲಿ ಕರುಣೆಯ ಕೆಲಸ.

ಪ್ರೋಟಾನ್ ಕಿರಣದ ವಿಷಯ ಇಂದು ಬಹಳ ಕೇಳಿಬರುತ್ತಿದೆ. ಅದು ದೇಹದೊಳಗೆ ಒಂದು ಆಳದಲ್ಲಿ ನಿಂತುಬಿಡುವುದರಿಂದ ಬೆನ್ನಿಗೆ ಕೊಟ್ಟ ಕಿರಣ ಎದೆಯನ್ನೂ ಹೊಟ್ಟೆಯನ್ನೂ ಹಾಯ್ದು ಹೋಗುವುದು ತಪ್ಪುತ್ತದೆ. ಬುದ್ಧಿಶಕ್ತಿಯ ರಕ್ಷಣೆಯಲ್ಲಿಯೂ ಅದರ ಮೇಲ್ಮೆಗೆ ಆಧಾರಗಳು ದೊರೆಯುತ್ತಿವೆ. ಚೆನ್ನೈಯಲ್ಲಿ 2019ರಿಂದ ಅದು ಲಭ್ಯವಿದೆ. ಅದನ್ನು ನಾನು ಮನಃಪೂರ್ವಕವಾಗಿ ಸ್ವಾಗತಿಸುತ್ತೇನೆ. ಆದರೆ ಇಡೀ ಮಿದುಳಿಗೆ ಕಿರಣ ಬೇಕಾದಲ್ಲಿ ಯಾವ ಯಂತ್ರವೂ ಇಡೀ ಮಿದುಳನ್ನು ಉಳಿಸಿಕೊಡಲಾರದೆಂಬುದನ್ನು ತಂದೆತಾಯಿಗಳಿಗೆ ತಿಳಿಯಹೇಳದಿರುವುದು ನ್ಯಾಯವಲ್ಲ.

ಇನ್ನು ನಮ್ಮ ನಾಡಿನ ಆಚರಣೆ ಹೇಗಿದೆಯೆಂದು ನೋಡೋಣ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಮತ್ತು ಕಿದ್ವಾಯಿ ಸಂಸ್ಥೆಗಳು ನೆರೆಹೊರೆಯಲ್ಲಿರುವುದು ಈ ರೋಗದ ಮಟ್ಟಿಗೆ ಒಂದು ಸುಯೋಗ. ಮಿದುಳಿನ ಶಸ್ತ್ರವಿದ್ಯೆ ಒಂದೆಡೆ, ಅರ್ಬುದದ ಚಿಕಿತ್ಸೆ ಪಕ್ಕದಲ್ಲೇ. ಆದರೆ ರೋಗಿ ಬರುವುದು ರಾಯಚೂರಿನ, ಬೀದರಿನ, ಕೊಡಗಿನ ಹಳ್ಳಿಯಿಂದ. ಶಸ್ತ್ರಕ್ಕೂ ಕಿರಣಕ್ಕೂ ನಡುವೆ 49 ದಿನ ಮೀರಿದರೆ ಫಲ ಕುಂದುವುದೆಂದು ಯೂರೋಪಿನ ಅಧ್ಯಯನವೊಂದು ಕಂಡುಕೊಂಡಿದೆ. ಆ ಅವಧಿಯಲ್ಲಿ ಗಾಯ ಮಾಯಬೇಕು, ಎಂ.ಆರ್.ಐ. ಆಗಬೇಕು, ಬೆನ್ನಿನ ನೀರಿನ ಪರೀಕ್ಷೆಯಾಗಬೇಕು, ಯಂತ್ರದ ಸರದಿ ಬರಬೇಕು. ಸರ್ಕಾರದ ಆರೋಗ್ಯ ಯೋಜನೆಗಳು ಚಿಕಿತ್ಸೆಯ ವೆಚ್ಚವನ್ನು ಹಗುರಮಾಡಿದರೂ, ‘ಕರೆಂಟು ಕೊಡಿಸಲು’, ಎಂದರೆ ಕಿರಣ ಹಾಯಿಸಲು, ಆರು ವಾರ ಊರುಬಿಟ್ಟು ನಿಲ್ಲುವ ಕೂಲಿಕಾರ ದಂಪತಿಗಳ ತಪ್ಪಿದ ಕೂಲಿಯನ್ನೂ, ಮನೆಯಲ್ಲಿ ಅಜ್ಜಿಯ ಬಳಿ ಬಿಟ್ಟುಬಂದ ಇನ್ನಿಬ್ಬರು ಮಕ್ಕಳ ಚಿಂತೆಯನ್ನೂ ಯಾವ ಯೋಜನೆ ಭರಿಸೀತು? ನಡುವೆ ತಪ್ಪಿಸಿಕೊಂಡು ಹೋದವರನ್ನು ಅಜ್ಞಾನಿಗಳೆಂದು ಬೈಯುವುದು ವೈದ್ಯಧರ್ಮವಲ್ಲ. ಅವರಿಗೆ ತಂಗಲು ನೆಲೆ, ದಿನಗೂಲಿಗೆ ಬದಲಿ, ಸ್ವಂತ ಭಾಷೆಯಲ್ಲಿ ಸಮಾಧಾನದಿಂದ ಹೇಳುವ ಒಬ್ಬ ಮನುಷ್ಯ, ಇಷ್ಟನ್ನು ಒದಗಿಸುವುದು ಲೀನಿಯರ್ ಆಕ್ಸಿಲರೇಟರ್ ಎಂಬ ಕಿರಣಯಂತ್ರವನ್ನು ಕೊಳ್ಳುವಷ್ಟೇ ಚಿಕಿತ್ಸೆಯ ಅಂಗ.

ಇದಕ್ಕಿಂತಲೂ ದೊಡ್ಡ ಕೊರತೆ ಚಿಕಿತ್ಸೆ ಮುಗಿದ ಮೇಲಿನದು. ಸ್ಕ್ಯಾನಿನಲ್ಲಿ ಗೆಡ್ಡೆಯಿಲ್ಲವೆಂದು ಕಂಡರೆ ಎಲ್ಲರೂ ನಿರಾಳರಾಗುತ್ತಾರೆ. ಮಗುವಿನ ಎತ್ತರವನ್ನು ಆರು ತಿಂಗಳಿಗೊಮ್ಮೆ ಅಳೆದವರಾರು? ಕಿವಿಯನ್ನು ಪರೀಕ್ಷಿಸಿದವರಾರು? ಆ ಮಗು ಸೋಮಾರಿಯಲ್ಲ, ಅದಕ್ಕೆ ಪರೀಕ್ಷೆಯಲ್ಲಿ ಹೆಚ್ಚು ಸಮಯ ಬೇಕು, ಮುಂದಿನ ಬೆಂಚು ಬೇಕು ಎಂದು ಹಳ್ಳಿಯ ಶಾಲೆಯ ಮೇಷ್ಟರಿಗೆ ಒಂದು ಪತ್ರ ಬರೆದವರಾರು? ಹಾರ್ಮೋನಿನ ಕೊರತೆಗೆ ಮದ್ದುಂಟು, ಕಿವುಡಿಗೆ ಯಂತ್ರವುಂಟು, ನಿಧಾನವಾದ ಗ್ರಹಣಶಕ್ತಿಗೆ ತಾಳ್ಮೆಯ ಬೋಧನೆಯುಂಟು. ಸಕಾಲದಲ್ಲಿ ಕಂಡುಹಿಡಿಯುವವರು ಬೇಕು ಅಷ್ಟೆ.

ಆದುದರಿಂದ ನನ್ನ ಅಭಿಪ್ರಾಯವನ್ನು ಹೀಗೆ ಹೇಳಬಹುದು. ಶಸ್ತ್ರದ ಬಳಿಕದ ಈ ವಿಕಿರಣ ಚಿಕಿತ್ಸೆ ಇಪ್ಪತ್ತನೆಯ ಶತಮಾನದ ವೈದ್ಯದ ಮಹತ್ಸಾಧನೆಗಳಲ್ಲೊಂದು; ಅದರ ಉಗ್ರತೆಗೆ ಹೆದರಿ ಅದನ್ನು ನಿರಾಕರಿಸುವವನು ಕುಶಿಂಗನ ಕಾಲಕ್ಕೆ ಮಗುವನ್ನು ಹಿಂದಿರುಗಿಸುತ್ತಾನೆ. ಪ್ರಮಾಣವನ್ನು ಹಂತಹಂತವಾಗಿ ಪರೀಕ್ಷಿಸಿ, ತಗ್ಗಿಸಬಹುದಾದಲ್ಲಿ ತಗ್ಗಿಸಿ, ತಗ್ಗಿಸಬಾರದೆಡೆಯಲ್ಲಿ ನಿಂತ ಶಿಸ್ತೇ ಅದರ ಶ್ರೇಷ್ಠ ಗುಣ. ಆ ಶಿಸ್ತು ಕಿರಣದ ಕೊನೆಯ ದಿನಕ್ಕೆ ಮುಕ್ತಾಯವಾಗತಕ್ಕುದಲ್ಲ. ತಾನು ಉಳಿಸಿದ ಮಗು ಹತ್ತು ವರ್ಷದ ಬಳಿಕ ಹೇಗೆ ಓದುತ್ತದೆ, ಹೇಗೆ ಕೇಳುತ್ತದೆ, ಎಷ್ಟು ಬೆಳೆದಿದೆ, ಯಾವ ಉದ್ಯೋಗಕ್ಕೆ ಅಣಿಯಾಗುತ್ತಿದೆ ಎಂಬುದನ್ನು ಪ್ರತಿಯೊಂದು ಚಿಕಿತ್ಸಾಕೇಂದ್ರವೂ ತಿಳಿದು ದಾಖಲಿಸುವುದು ಅದರ ಕರ್ತವ್ಯವಾಗಬೇಕು. ಅಷ್ಟನ್ನು ಮಾಡದ ಕೇಂದ್ರ, ಅದರ ಯಂತ್ರ ಎಷ್ಟೇ ನೂತನವಾಗಿರಲಿ, ಕೈಗೊಂಡ ಚಿಕಿತ್ಸೆಯನ್ನು ಅರ್ಧದಲ್ಲಿ ಬಿಟ್ಟಿದೆಯೆಂದೇ ನನ್ನ ನಿರ್ಣಯ.