ಮಧ್ಯಾಹ್ನ ಬಾಡುವ ಕುಂಬಳ

ಬಿಸಿಲು ನೆತ್ತಿಗೇರಿದ ಹೊತ್ತಿನಲ್ಲಿ ಕುಂಬಳದ ಬಳ್ಳಿ ನೋಡಿದರೆ ಕರುಳು ಚುರ್ರೆನ್ನುತ್ತದೆ. ಬೆಳಿಗ್ಗೆ ತಟ್ಟೆಯಗಲ ಹರಡಿಕೊಂಡಿದ್ದ ಎಲೆಗಳು ಹಿಂಡಿ ಹಾಕಿದ ಬಟ್ಟೆಯಂತೆ ಜೋತುಬಿದ್ದಿರುತ್ತವೆ. ಕೈ ತಾನಾಗಿ ಪೈಪಿನತ್ತ ಹೋಗುತ್ತದೆ. ತಡೆಯಿರಿ. ಮೊದಲು ಬುಡದ ಮಣ್ಣಿಗೆ ಬೆರಳು ಇಳಿಸಿ. ಎರಡು ಗೆಣ್ಣಿನಾಳದಲ್ಲಿ ತಂಪು ತಾಗಿದರೆ ನೀರು ಬೇಡ. ಹೊತ್ತಿಳಿದ ಮೇಲೆ ಹೋಗಿ ನೋಡಿ, ಎಲೆಗಳು ಎದ್ದು ನಿಂತಿರುತ್ತವೆ.

ಮಧ್ಯಾಹ್ನವೆಂದರೆ ಬೇರು ತಂದುಕೊಡುವುದಕ್ಕಿಂತ ಎಲೆ ಕಳೆದುಕೊಳ್ಳುವ ನೀರು ಹೆಚ್ಚಾದ ಗಳಿಗೆ. ಶಾಲೆಯಲ್ಲಿ ಬಾಷ್ಪವಿಸರ್ಜನೆ ಎಂದು ಬಾಯಿಪಾಠ ಮಾಡಿದ್ದೆವಲ್ಲ, ಅದೇ. ಗಿಡ ಹೀರಿದ ನೀರಿನಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಪಾಲು ಹೀಗೆ ಆವಿಯಾಗಿ ಹೋಗಿಬಿಡುತ್ತದೆ. ಇದನ್ನು ದಂಡ ಅನ್ನಲು ನನಗೆ ಮನಸ್ಸು ಬಾರದು. ಆಹಾರ ತಯಾರಿಸಲು ಎಲೆಗೆ ಇಂಗಾಲದ ಡೈಆಕ್ಸೈಡ್ ಬೇಕು, ಅದಕ್ಕಾಗಿ ಪತ್ರರಂಧ್ರಗಳು ತೆರೆಯಬೇಕು. ಗಾಳಿ ಒಳಬರುವ ಆ ಬಾಗಿಲಿನಿಂದಲೇ ನೀರಾವಿ ಹೊರಹೋಗುತ್ತದೆ. ಹೋಗುತ್ತಾ ಕಾಂಡದೊಳಗಿನ ನೀರಿನ ಎಳೆಯನ್ನು ಬೇರಿನವರೆಗೂ ಜಗ್ಗುತ್ತದೆ. ತೆಂಗಿನ ತುದಿಗೆ ನೀರು ಏರುವುದೂ ಈ ಎಳೆತದಿಂದಲೇ, ಪಂಪಿಲ್ಲದೆ.

ಎಲೆಯಿಂದ ಹೋಗುವ ಈ ನೀರನ್ನು ತೂಗಿ ನೋಡಿದವರು ಇಂಗ್ಲೆಂಡಿನ ಟೆಡಿಂಗ್ಟನ್ನಿನ ಪಾದ್ರಿ ಸ್ಟೀಫನ್ ಹೇಲ್ಸ್. ಕುಂಡದಲ್ಲಿ ಮೂರೂವರೆ ಅಡಿಯ ಸೂರ್ಯಕಾಂತಿ. ಮಣ್ಣಿನ ತೇವ ಆರದಂತೆ ಮೇಲೆ ಸೀಸದ ತಗಡಿನ ಮುಚ್ಚಳ. ಬೆಳಿಗ್ಗೆ ಒಂದು ತೂಕ, ಸಂಜೆ ಒಂದು ತೂಕ. ಹಗಲಿನ 12 ಗಂಟೆಯಲ್ಲಿ ಸರಾಸರಿ ಅರ್ಧ ಕಿಲೋಗೂ ಮಿಕ್ಕಿ ನೀರು ಹೋಗುತ್ತಿತ್ತು. ಬೆಚ್ಚಗಿನ ಒಣ ರಾತ್ರಿಯಲ್ಲಿ ಹೋದದ್ದು ತೀರಾ ಅಲ್ಪ. 1727ರಲ್ಲಿ ಅವರು ಅಚ್ಚು ಹಾಕಿಸಿದ ಈ ಲೆಕ್ಕ ನನಗೆ ಇವತ್ತಿಗೂ ಬೆರಗು. ಒಂದು ತಕ್ಕಡಿ, ಒಂದು ಗಿಡ, ಅಷ್ಟೇ ಅಲ್ಲವೇ!

ನಮಗೆ ತಕ್ಕಡಿಯೂ ಬೇಡ. ಹನ್ನೊಂದರ ಬಿಸಿಲಿಗೆ ದಾಸವಾಳದ ಒಂದು ರೆಂಬೆಗೆ ಪಾರದರ್ಶಕ ಪ್ಲಾಸ್ಟಿಕ್ ಕವರು ತೊಡಿಸಿ, ಬಾಯಿಗೆ ದಾರ ಬಿಗಿಯಿರಿ. ಸ್ವಲ್ಪ ಹೊತ್ತಿಗೆ ಒಳಗೆಲ್ಲ ಮಂಜು ಕವಿಯುತ್ತದೆ, ಆಮೇಲೆ ಮಂಜು ಹನಿಗೂಡಿ ಮೂಲೆಗೆ ಜಾರುತ್ತದೆ. ನೋಡಿದ ಕೂಡಲೇ ಕವರು ಬಿಚ್ಚಿ, ಎಲೆ ಬೆಂದೀತು.

ಕಾಂಡವೂ ತುಸು ನೀರು ಬಿಡುತ್ತದೆ. ಹಿಪ್ಪುನೇರಳೆಯ ಬಲಿತ ಕಡ್ಡಿಯ ಮೇಲೆ ಕೈಯಾಡಿಸಿದರೆ ತರಿತರಿಯಾಗಿ ತಾಗುವ ಚುಕ್ಕೆಗಳಿವೆಯಲ್ಲ, ಅವು ತೊಗಟೆ ಉಸಿರಾಡುವ ಕಿಂಡಿಗಳು; ಆ ನೀರು ಅವುಗಳ ಮೂಲಕವೂ ಹೋಗುತ್ತದೆ.

ಕಡ್ಡಿ ನೆಡುವಾಗ ಎಲೆಗಳನ್ನು ಅರ್ಧಕ್ಕೆ ಕತ್ತರಿಸುವುದು, ಬದನೆ ಸಸಿಯನ್ನು ಸಂಜೆಯೇ ನಾಟಿ ಮಾಡುವುದು ಎಲೆಯಿಂದ ನೀರು ಹೀಗೆ ಹೋಗುವ ಕಾರಣಕ್ಕೇ. ಬೇರು ಇಲ್ಲದಾಗ, ಇದ್ದರೂ ಊರದಿದ್ದಾಗ, ಖರ್ಚು ತಗ್ಗಿಸಬೇಕು.

ಇನ್ನು ಮಧ್ಯಾಹ್ನ ಬಳ್ಳಿ ಜೋತುಬಿದ್ದದ್ದಕ್ಕೆ ಹೆದರಿ ತೇವವಿರುವ ಬುಡಕ್ಕೇ ಮತ್ತೆ ಮತ್ತೆ ನೀರು ಸುರಿದರೆ ಬೇರಿಗೆ ಗಾಳಿ ಸಿಗದೆ ಕೊಳೆಯುತ್ತದೆ. ಕೊಳೆತ ಬೇರು ನೀರೆತ್ತದು, ಎಲೆ ಇನ್ನಷ್ಟು ಬಾಡುತ್ತದೆ, ಬಾಡಿತೆಂದು ನಾವು ಇನ್ನಷ್ಟು ಸುರಿಯುತ್ತೇವೆ. ನನ್ನದೊಂದು ಸೋರೆ ಬಳ್ಳಿ ಹೀಚು ಬಿಟ್ಟ ಮೇಲೆ ಹೀಗೇ ಹೋಯಿತು. ಆ ಸಂಕಟ ಇನ್ನೂ ಇದೆ. ಹಾಗಾಗಿ ನಾನೀಗ ಮಧ್ಯಾಹ್ನದ ಎಲೆ ನೋಡಿ ತೀರ್ಮಾನಿಸುವುದಿಲ್ಲ. ಬೆಳಗಿನ ಆರಕ್ಕೂ ಎಲೆ ಎದ್ದಿರದೆ, ಬೆರಳಿಗೆ ಮಣ್ಣೂ ಒಣಗಿ ತಾಗಿದರೆ, ಆಗ ಬುಡ ಪೂರಾ ನೆನೆಯುವಂತೆ ನೀರು ಕೊಡುತ್ತೇನೆ.