ಹುಡುಕುಯಂತ್ರದ ಮರ್ಜಿ ಮತ್ತು ಕನ್ನಡದ ಬರಹ

2021ರ ಜೂನ್ 3ರಂದು ಅಸಂಖ್ಯ ಕನ್ನಡಿಗರು ಗೂಗಲ್‌ಗೆ ಒಂದೇ ಪ್ರಶ್ನೆ ಕೇಳಿದರು. ಭಾರತದ ಅತ್ಯಂತ ಕುರೂಪಿ ಭಾಷೆ ಯಾವುದು ಎಂಬುದು ಆ ಪ್ರಶ್ನೆ. ಉತ್ತರದ ಪೆಟ್ಟಿಗೆಯಲ್ಲಿ ಕನ್ನಡದ ಹೆಸರಿತ್ತು. ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿಯವರು ಕಾನೂನು ಕ್ರಮದ ಮಾತಾಡಿದರು. ಪಕ್ಷಭೇದವಿಲ್ಲದೆ ರಾಜಕಾರಣಿಗಳು ಖಂಡಿಸಿದರು. ಕಂಪನಿ ಆ ಉತ್ತರವನ್ನು ತೆಗೆದುಹಾಕಿ ಕ್ಷಮೆ ಕೇಳಿತು. ಅದು ತನ್ನ ಅಭಿಪ್ರಾಯವಲ್ಲ, ಅಂತರ್ಜಾಲದಲ್ಲಿ ಬರೆದಿರುವುದೇ ಕೆಲವೊಮ್ಮೆ ಹೀಗೆ ಅನಿರೀಕ್ಷಿತವಾಗಿ ಮೇಲೆ ಬರುತ್ತದೆ ಎಂಬರ್ಥದ ಸಮಜಾಯಿಷಿಯನ್ನೂ ಕೊಟ್ಟಿತು. ಅಲ್ಲಿಗೆ ನಮ್ಮ ಸಿಟ್ಟು ಇಳಿಯಿತು, ಪ್ರಕರಣ ಮುಗಿಯಿತು.

ಆದರೆ ಆ ಉತ್ತರವನ್ನು ಬರೆದವರು ಯಾರು ಎಂಬ ಪ್ರಶ್ನೆಯನ್ನು ನಾವು ಅಷ್ಟಾಗಿ ಕೇಳಲಿಲ್ಲ. ಅದನ್ನು ಕೇಳಿದ್ದರೆ ಸಿಟ್ಟಿಗಿಂತ ಹೆಚ್ಚಿನದೇನಾದರೂ ದಕ್ಕುತ್ತಿತ್ತು. ಆ ವಾಕ್ಯ ಬಂದದ್ದು ಸಾಲ ತೀರಿಸುವ ಸಲಹೆಯ ಹೆಸರು ಹೊತ್ತ ಒಂದು ಇಂಗ್ಲಿಷ್ ಜಾಲತಾಣದಿಂದ. ಸಾಲದ ವ್ಯವಹಾರಕ್ಕೂ ಭಾರತದ ಭಾಷೆಗಳ ಅಂದಚಂದಕ್ಕೂ ಏನು ನಂಟು? ಯಾವ ನಂಟೂ ಇಲ್ಲ. ಜನ ಏನೇನು ಹುಡುಕಬಹುದು ಎಂದು ಊಹಿಸಿ, ಆ ಪ್ರಶ್ನೆಯನ್ನೇ ತಲೆಬರಹ ಮಾಡಿ, ಕೆಳಗೆ ಒಂದು ಸಾಲಿನ ಉತ್ತರ ಇಡುವ ದಂಧೆಯೊಂದಿದೆ. ಯಂತ್ರ ಮೆಚ್ಚಿ ಮೇಲಿಟ್ಟರೆ ಜನ ಬರುತ್ತಾರೆ, ಜನ ಬಂದರೆ ಜಾಹೀರಾತಿನ ಕಾಸು ಬರುತ್ತದೆ. ಬರೆದವನಿಗೆ ಕನ್ನಡದ ಮೇಲೆ ದ್ವೇಷವಿತ್ತೆಂದು ನಂಬಲು ನಮಗೆ ಕಾರಣ ಕಾಣುವುದಿಲ್ಲ. ದ್ವೇಷಿಸಬೇಕಾದರೂ ಕನ್ನಡದ ಗುರುತು ತುಸುವಾದರೂ ಇರಬೇಕಲ್ಲ! ಅವನಿಗೆ ಬೇಕಾಗಿದ್ದದ್ದು ಒಂದು ಖಾಲಿ ಜಾಗ ಮಾತ್ರ. ಆ ಪ್ರಶ್ನೆಯನ್ನು ಲೋಕದಲ್ಲಿ ಇನ್ನಾರೂ ಗಂಭೀರವಾಗಿ ಕೇಳಿರಲಿಲ್ಲ, ಹಾಗಾಗಿ ಉತ್ತರಿಸಿದವನೇ ಪಂಡಿತನಾದ. ಮೈಕ್ರೋಸಾಫ್ಟ್‌ನ ಮೈಕೆಲ್ ಗೊಲೆಬಿಯೆವ್ಸ್ಕಿ ಮತ್ತು ಸಂಶೋಧಕಿ ಡಾನಾ ಬಾಯ್ಡ್ 2018ರಲ್ಲಿ ಇಂಥ ಖಾಲಿ ಜಾಗಗಳನ್ನು ಮಾಹಿತಿಯ ಶೂನ್ಯಗಳು ಎಂದು ಕರೆದರು. ಶೂನ್ಯ ಎಲ್ಲಿದೆಯೋ ಅಲ್ಲಿ ಮೊದಲು ಬಂದು ಕೂತವನದೇ ಗದ್ದುಗೆ.

ಈ ಶೂನ್ಯವನ್ನು ನಮ್ಮ ನೆಲದಲ್ಲೇ ನೋಡಬಹುದು. ಹೂವಿನಹಡಗಲಿ ತಾಲೂಕಿನಲ್ಲಿ ಇಟ್ಟಿಗಿ ಎಂಬ ಊರಿದೆ. ಹೋಬಳಿ ಕೇಂದ್ರ. ಈ ಹೆಸರನ್ನು ಯಾವುದೇ ಹುಡುಕುಯಂತ್ರದ ಮುಂದಿಟ್ಟು ಯೋಚಿಸಿ. ಮೊದಲನೆಯದಾಗಿ, ನಮ್ಮ ಕಡೆಯ ಮಾತಿನಲ್ಲಿ ಮನೆ ಕಟ್ಟುವ ಇಟ್ಟಿಗೆಯೂ ಇಟ್ಟಿಗಿಯೇ. ಇನ್ನು ಕೊಪ್ಪಳ ಜಿಲ್ಲೆಯ ಇಟಗಿಯಲ್ಲಿ 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಪ್ರಖ್ಯಾತ ದೇವಾಲಯವಿದೆ. ಗದಗ ಜಿಲ್ಲೆಯಲ್ಲಿ ಭೀಮಾಂಬಿಕೆಯ ಹೆಸರಿನಿಂದ ಜನ ಬಲ್ಲ ಇನ್ನೊಂದು ಇಟಗಿ ಇದೆ. ಇಂಗ್ಲಿಷ್ ಅಕ್ಷರಗಳಿಗೆ ಇಳಿಸುವಾಗ ಈ ಹೆಸರುಗಳೆಲ್ಲ ಒಂದರೊಳಗೊಂದು ಕಲಸಿಹೋಗುತ್ತವೆ. ಹಾಗಾಗಿ ಹಡಗಲಿ ಸೀಮೆಯ ಇಟ್ಟಿಗಿ ಹೆಚ್ಚು ಹೆಸರುವಾಸಿಯಾದ ಇಟಗಿಗಳ ನೆರಳಿನಲ್ಲಿ ನಿಲ್ಲಬೇಕಾಗುತ್ತದೆ. ಸಾಲದ್ದಕ್ಕೆ ಜಿಲ್ಲೆಯ ಗೊಂದಲ ಬೇರೆ. ಹಡಗಲಿ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿಗಳು ಬಳ್ಳಾರಿ ಜಿಲ್ಲೆಯಲ್ಲಿದ್ದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದವು. ಹರಪನಹಳ್ಳಿಯದು ಇನ್ನೂ ದೊಡ್ಡ ಪಯಣ. 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, ಈಗ ವಿಜಯನಗರದಲ್ಲಿದೆ. ಹಳೆಯ ಪುಟಗಳೋ, ಬರೆದ ಕಾಲದ ಜಿಲ್ಲೆಯನ್ನೇ ಹೇಳುತ್ತ ಕೂತಿವೆ. ಯಂತ್ರಕ್ಕೆ ಹಳೆಯದು ಎಂದರೆ ಕೆಲವೊಮ್ಮೆ ಹಿರಿತನ, ಕೆಲವೊಮ್ಮೆ ಕಸ. ಯಾವಾಗ ಯಾವುದು ಎಂಬುದು ಅದರ ಮರ್ಜಿ.

ಈ ಬಡತನಕ್ಕೆ ಯಂತ್ರವೊಂದನ್ನೇ ದೂರುವುದು ನ್ಯಾಯವಲ್ಲ. ಕನ್ನಡಕ್ಕೆ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 1991ರಲ್ಲಿ. ಆದರೆ ಅದಾದ ಬಹುಕಾಲ ನಮ್ಮ ಪತ್ರಿಕೆಗಳು, ಸರ್ಕಾರಿ ಕಚೇರಿಗಳು ಹಳೆಯ ಫಾಂಟುಗಳಲ್ಲೇ ಟೈಪಿಸಿದವು. ಕಣ್ಣಿಗೆ ಅದು ಚೆಂದದ ಕನ್ನಡ, ಒಳಗೆ ಮಾತ್ರ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ. ಹುಡುಕುಯಂತ್ರ ನೋಡುವುದು ಆ ಒಳಗನ್ನು. ಎಷ್ಟು ಸ್ಮರಣ ಸಂಚಿಕೆಗಳು, ಎಷ್ಟು ವಿಚಾರ ಸಂಕಿರಣದ ಪ್ರಬಂಧಗಳು ಹೀಗೆ ಕಣ್ಣೆದುರಿಗೇ ಇದ್ದೂ ಇಲ್ಲವಾದವು! 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ, 2005ರ ಸಂಪದ, ಅಬ್ದುಲ್ ರಶೀದ್ ಅವರ ಸಂಪಾದಕತ್ವದ ಕೆಂಡಸಂಪಿಗೆ ಮೊದಲಾದವು ಯುನಿಕೋಡ್ ಕನ್ನಡವನ್ನು ರೂಢಿಗೆ ತಂದದ್ದರಿಂದಲೇ ಇಂದು ಕನ್ನಡದಲ್ಲಿ ಹುಡುಕಿದರೆ ಏನಾದರೂ ಸಿಗುತ್ತದೆ. ಈ ಋಣವನ್ನು ನಾವು ನೆನೆಯುವುದು ಕಡಿಮೆ.

ಇನ್ನು ಮರ್ಜಿಯ ವಿಷಯ. ಲ್ಯಾರಿ ಪೇಜ್ ಮತ್ತು ಸೆರ್ಗಿ ಬ್ರಿನ್ 1998ರಲ್ಲಿ ಮಂಡಿಸಿದ ಮೂಲ ಸೂತ್ರ ಸರಳವಾಗಿತ್ತು. ಯಾರನ್ನು ಹೆಚ್ಚು ಜನ, ಅದರಲ್ಲೂ ಗಣ್ಯರು, ಉಲ್ಲೇಖಿಸುತ್ತಾರೋ ಅವರ ಮಾತಿಗೆ ಹೆಚ್ಚು ತೂಕ. ನಮ್ಮ ವಿದ್ವಾಂಸರೂ ಅಡಿಟಿಪ್ಪಣಿಗಳಲ್ಲಿ ಮಾಡುವುದು ಇದನ್ನೇ. ಜನ ಉಲ್ಲೇಖಗಳನ್ನು ಕಾಸಿಗೆ ಕೊಳ್ಳತೊಡಗಿದಾಗ ಸೂತ್ರ ಕೆಟ್ಟಿತು. 2011ರ ಫೆಬ್ರವರಿಯಲ್ಲಿ ಪಾಂಡಾ ಎಂಬ ಬದಲಾವಣೆ ಬಂದು ಜೊಳ್ಳು ಬರಹದ ಕಾರ್ಖಾನೆಗಳನ್ನು ಕೆಳಗಿಳಿಸಿತು. ಅಮೆರಿಕದ ಹುಡುಕಾಟಗಳಲ್ಲಿ ಶೇ. 11.8ರಷ್ಟರ ಮೇಲೆ ಅದರ ಪರಿಣಾಮವಾಯಿತೆಂದು ಕಂಪನಿಯೇ ಹೇಳಿತು. 2012ರ ಏಪ್ರಿಲ್‌ನ ಪೆಂಗ್ವಿನ್ ಕೊಂಡ ಉಲ್ಲೇಖಗಳ ಮೇಲೆ ಬಿತ್ತು. 2022ರ ಆಗಸ್ಟ್‌ನಲ್ಲಿ, ಮನುಷ್ಯರಿಗಾಗಿ ಬರೆದದ್ದನ್ನು ಮೇಲಕ್ಕೂ ಯಂತ್ರಕ್ಕಾಗಿ ಬರೆದದ್ದನ್ನು ಕೆಳಕ್ಕೂ ಹಾಕುವ ವ್ಯವಸ್ಥೆ ಬಂತು. ಉದ್ದೇಶ ಒಳ್ಳೆಯದೇ. ಆದರೆ 2023ರ ಸೆಪ್ಟೆಂಬರ್‌ನ ಸುತ್ತಿನಲ್ಲಿ ತಾವೇ ಕೂತು ಬರೆಯುವ ಎಷ್ಟೋ ಸಣ್ಣ ಲೇಖಕರ ಪುಟಗಳು ರಾತ್ರೋರಾತ್ರಿ ಕಾಣೆಯಾದವು. 2024ರ ಅಕ್ಟೋಬರ್‌ನಲ್ಲಿ ಅಂಥ ಸುಮಾರು ಇಪ್ಪತ್ತು ಮಂದಿಯನ್ನು ಕಂಪನಿ ತನ್ನ ಕಚೇರಿಗೆ ಕರೆಸಿ ಅಹವಾಲು ಕೇಳಿತು. ಇಂಗ್ಲಿಷಿನವರಿಗೆ ಅಷ್ಟಾದರೂ ದಕ್ಕಿತು ಅನ್ನಿ.

ಹಾಗೆಂದು ಈ ಯಂತ್ರ ಪ್ರಶ್ನಾತೀತವಲ್ಲ. ಹುಡುಕಾಟದ ಫಲಿತಾಂಶದಲ್ಲಿ ಪಕ್ಷಪಾತ ಮಾಡಿದ್ದಕ್ಕಾಗಿ ಭಾರತದ ಸ್ಪರ್ಧಾ ಆಯೋಗ 2018ರ ಫೆಬ್ರವರಿಯಲ್ಲಿ ಗೂಗಲ್‌ಗೆ 135.86 ಕೋಟಿ ರೂಪಾಯಿ ದಂಡ ವಿಧಿಸಿತು. 2024ರ ಆಗಸ್ಟ್‌ನಲ್ಲಿ ಅಮೆರಿಕದ ನ್ಯಾಯಾಧೀಶ ಅಮಿತ್ ಮೆಹ್ತಾ ಅವರು ಕಂಪನಿ ಹುಡುಕಾಟದ ಮೇಲಿನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಕಾಯ್ದುಕೊಂಡಿದೆ ಎಂದು ತೀರ್ಪಿತ್ತರು. ಕಪ್ಪು ಹುಡುಗಿಯರ ಬಗ್ಗೆ ಹುಡುಕಿದರೆ ಅಶ್ಲೀಲ ಪುಟಗಳೇ ಮೇಲೆ ಬರುತ್ತಿದ್ದುದನ್ನು ಹಿಡಿದು ಸಫಿಯಾ ನೋಬಲ್ 2018ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಯಂತ್ರ ತಟಸ್ಥ ಎಂದು ನಂಬಿಕೊಂಡವರು ಅದನ್ನು ಓದಬೇಕು. ಯಾವ ಸಮುದಾಯದ ಬಗ್ಗೆ ಇತರರೇ ಹೆಚ್ಚು ಬರೆದಿರುತ್ತಾರೋ ಆ ಸಮುದಾಯದ ಮುಖ ಯಂತ್ರದಲ್ಲಿ ಇತರರು ಬರೆದ ಹಾಗೆಯೇ ಕಾಣುತ್ತದೆ. ಕನ್ನಡದ ಮುಸ್ಲಿಮರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗ ನಮ್ಮ ಆಕ್ಷೇಪದ ಮುಖ್ಯ ಭಾಗಕ್ಕೆ ಬರೋಣ. ಬದಲಾಗುತ್ತಲೇ ಇರುವ ಈ ಮರ್ಜಿಗೆ ಕನ್ನಡದ ಜಾಲಬರಹ ಹೇಗೆ ಹೊಂದಿಕೊಂಡಿದೆ? ಒಂದು ಮಾದರಿಯನ್ನು ಕೈಗೆತ್ತಿಕೊಂಡರೆ ಸಾಕು. 2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಗೃಹಲಕ್ಷ್ಮಿ ಯೋಜನೆ ಚಾಲನೆಗೊಂಡಿತು. ಮನೆಯ ಯಜಮಾನಿಗೆ ತಿಂಗಳಿಗೆ 2000 ರೂಪಾಯಿ. ಹಣ ಜಮಾ ಆಗುವುದು ತಡವಾದಾಗಲೆಲ್ಲ ರಾಜ್ಯದ ತುಂಬ ಹೆಣ್ಣುಮಕ್ಕಳು ಫೋನಿನಲ್ಲಿ ಹುಡುಕಿದರು. ಹುಡುಕಿದ್ದೇ ತಡ, ಕನ್ನಡದಲ್ಲಿ ಒಂದು ಹೊಸ ಸಾಹಿತ್ಯ ಪ್ರಕಾರವೇ ಹುಟ್ಟಿಕೊಂಡಿತು. ಅದರ ಲಕ್ಷಣಗಳನ್ನು ಛಂದಸ್ಸಿನ ಹಾಗೆ ಗುರುತಿಸಬಹುದು. ಶೀರ್ಷಿಕೆಯಲ್ಲಿ ಗೃಹಲಕ್ಷ್ಮಿ, ಹಣ, ಜಮಾ, ದಿನಾಂಕ ಎಂಬ ನಾಲ್ಕು ಮಾತುಗಳು ಮತ್ತು ಇಲ್ಲಿದೆ ನೋಡಿ ಎಂಬ ಕರೆ. ಮೊದಲ ಪ್ಯಾರಾದಲ್ಲಿ ಹಣ ಯಾವಾಗ ಬರುತ್ತದೆ ಎಂದು ಮಹಿಳೆಯರು ಕಾಯುತ್ತಿದ್ದಾರೆ ಎಂಬ ಸುದ್ದಿ. ಕಾಯುತ್ತಿರುವವರಿಗೇ ಈ ಸುದ್ದಿ! ಮುಂದೆ ಯೋಜನೆ ಏನು, ಯಾರು ಅರ್ಹರು, ಯಾವ ದಾಖಲೆ ಬೇಕು. ಇಷ್ಟು ಹೊತ್ತಿಗೆ ಮೂರು ಜಾಹೀರಾತುಗಳು ಕಳೆದಿರುತ್ತವೆ. ಕಟ್ಟಕಡೆಗೆ, ದಿನಾಂಕದ ಬಗ್ಗೆ ಅಧಿಕೃತ ಪ್ರಕಟಣೆ ಬರಬೇಕಿದೆ ಎಂಬ ಸಾಲು.

ಇದನ್ನು ಸುಳ್ಳು ಎನ್ನಲು ಬಾರದು, ಒಂದೊಂದು ವಾಕ್ಯವೂ ನಿಜವೇ. ಆದರೆ ಒಟ್ಟು ಬರಹ ಒಂದು ವಂಚನೆ. ಇಟ್ಟಿಗಿಯ ಕೂಲಿ ಹೆಣ್ಣುಮಗಳೊಬ್ಬಳು ರಾತ್ರಿ ಕೆಲಸ ಮುಗಿಸಿ, ಮಗನ ಫೋನಿನಲ್ಲಿ ಇಂಥ ಹತ್ತು ಪುಟ ತೆರೆದು ಹತ್ತರಲ್ಲೂ ಅದನ್ನೇ ಓದುತ್ತಾಳೆ. ಅವಳು ಕಳೆದುಕೊಳ್ಳುವುದು ಸಮಯವನ್ನಷ್ಟೇ ಅಲ್ಲ. ಅಚ್ಚಾದ ಕನ್ನಡದ ಮೇಲೆ ಬಡವರಿಗೆ ಇನ್ನೂ ಒಂದಷ್ಟು ನಂಬಿಕೆ ಉಳಿದಿದೆ, ಅದೂ ಸವೆಯುತ್ತದೆ. ಮರುದಿನ ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರು ಒಂದೇ ಮಾತಿನಲ್ಲಿ, ಇನ್ನೂ ಬಂದಿಲ್ಲಮ್ಮ, ಅಂದುಬಿಡುತ್ತಾರೆ. ಮೈಲಾರದ ಕಾರಣಿಕದ ಕತೆಯೂ ಇದೇ. ಗೊರವಯ್ಯ ಬಿಲ್ಲಿನಿಂದ ಇಳಿದು ನೆಲ ಮುಟ್ಟುವ ಮೊದಲೇ ಅದರ ಅರ್ಥವಿವರಣೆಯ ಪುಟಗಳು ಸಿದ್ಧವಾಗಿರುತ್ತವೇನೋ ಎಂದು ನಮಗೆ ಅನುಮಾನ.

ಈ ಬರಹಗಳ ಹಿಂದಿರುವ ಹುಡುಗರನ್ನು ನಾವು ಹಳಿಯಲು ಹೊರಟಿಲ್ಲ. ಬರೆದು ಬದುಕುವುದು ಕನ್ನಡದಲ್ಲಿ ಎಂದೂ ಸುಲಭವಾಗಿರಲಿಲ್ಲ. ಗೂಗಲ್‌ನ ಜಾಹೀರಾತು ವ್ಯವಸ್ಥೆ 2014ರ ಕೊನೆಯಲ್ಲಿ ಹಿಂದಿಗೆ ತೆರೆದುಕೊಂಡಿತು, ಕನ್ನಡದ ಸರದಿ ಬಂದದ್ದು ಅದಾದ ಕೆಲವು ವರ್ಷಗಳ ಮೇಲೆ. ಅಷ್ಟರಲ್ಲಿ ಹಣವಿಲ್ಲದೆ, ಬರಿಯ ಪ್ರೀತಿಯಿಂದ ಬರೆಯುತ್ತಿದ್ದ ಮೊದಲ ತಲೆಮಾರು ಫೇಸ್‌ಬುಕ್ಕಿಗೆ ಚದುರಿಹೋಗಿತ್ತು. ಖಾಲಿ ಬಿದ್ದ ಹೊಲದಲ್ಲಿ ಕಳೆ ಬೆಳೆಯಿತು.

ಇನ್ನೊಂದು ತುದಿಯಲ್ಲಿ ನಮ್ಮ ಹಿರಿಯ ಸ್ನೇಹಿತರಿದ್ದಾರೆ. ಯಂತ್ರಕ್ಕಾಗಿ ಒಂದಕ್ಷರವನ್ನೂ ಬದಲಿಸೆವು ಎಂಬುದು ಅವರ ಹಟ. ಅವರ ಸ್ವಾಭಿಮಾನಕ್ಕೆ ಸಲಾಂ. ಆದರೆ ಗ್ರಂಥಾಲಯದ ಸೂಚೀಪತ್ರಕ್ಕಾಗಿ ಪುಸ್ತಕದ ಮೇಲೆ ವಿಷಯದ ಹೆಸರು ನಮೂದಿಸುವುದರಿಂದ ಯಾರ ಸ್ವಾಭಿಮಾನವೂ ಕುಂದಿದ್ದನ್ನು ನಾವು ಕಂಡಿಲ್ಲ. ಹುಡುಕಿ ಬರುವ ಓದುಗನಿಗೆ ಬಾಗಿಲು ತೋರಿಸುವುದು ಬೇರೆ, ಬಾಗಿಲನ್ನೇ ಮನೆ ಎಂದು ಮಾರುವುದು ಬೇರೆ.

ಮೊಹರಂ ಬಗ್ಗೆ ಬರೆಯುವವನ ಕಷ್ಟವನ್ನು ನೋಡಿ. ಮೊಹರಂ, ಮೊಹರಮ್, ಮೊಹರ್ರಂ, ಮುಹರ್ರಮ್ ಎಂದು ಕಾಗುಣಿತವೇ ನಾಲ್ಕು. ಹಳ್ಳಿಯಲ್ಲಿ ಯಾರೂ ಇವನ್ನು ಬಳಸುವುದಿಲ್ಲ, ಅದು ಅಲಾಯಿ ಹಬ್ಬ, ಕೆಲವೆಡೆ ಪೀರಲ ಹಬ್ಬ. ಮಸೀದಿಯ ಮುಂದೆ ತೋಡಿದ ಕುಣಿ, ಅದರ ಸುತ್ತ ಜಾತಿ ಮತ ನೋಡದೆ ಹಾಕುವ ಹೆಜ್ಜೆ, ರಿವಾಯತ್ ಪದಗಳು. ಮುಸ್ಲಿಮರ ಒಂದು ಮನೆಯೂ ಇಲ್ಲದ ಊರುಗಳಲ್ಲಿಯೂ ಪಂಜಾ ಕೂರಿಸುವುದನ್ನು ರಹಮತ್ ತರೀಕೆರೆ ಅವರಂಥ ವಿದ್ವಾಂಸರು ವಿವರವಾಗಿ ದಾಖಲಿಸಿದ್ದಾರೆ. ಹಬ್ಬದ ಒಂಬತ್ತನೆಯ ರಾತ್ರಿ, ಅಂದರೆ ಹುಸೈನರ ವಧೆಯನ್ನು ನೆನೆಯುವ ಖತಲ್ ರಾತ್ರಿ, ಕನ್ನಡದ ಬಾಯಿಯಲ್ಲಿ ಕತ್ತಲ ರಾತ್ರಿಯಾಗಿದೆ. ಅರಬಿಯ ಮಾತೊಂದು ಕನ್ನಡದ ಕತ್ತಲೊಳಗೆ ಇಳಿದು ತನ್ನ ದುಃಖವನ್ನೂ ಜೊತೆಗೇ ತಂದಿದೆ. ಯಾವ ಯಂತ್ರಕ್ಕೆ ಇದನ್ನು ವಿವರಿಸುವುದು? ಕತ್ತಲ ರಾತ್ರಿ ಎಂದು ಹುಡುಕಿದವನಿಗೆ ಅದು ಸಿನಿಮಾ ಹಾಡನ್ನೋ ಅಮಾವಾಸ್ಯೆಯನ್ನೋ ತೋರಿಸಿದರೆ ಅದರದು ತಪ್ಪೆನ್ನಲಾಗದು. ಯಂತ್ರ ಈಗ ಮೊದಲಿಗಿಂತ ಜಾಣ, 2019ರಿಂದ ಪದದ ಜೊತೆಗೆ ವಾಕ್ಯದ ಸಂದರ್ಭವನ್ನೂ ಗ್ರಹಿಸಲು ಯತ್ನಿಸುತ್ತದೆ. ಆದರೆ ಅದು ಕಲಿಯುವುದು ಬರೆದಿಟ್ಟದ್ದರಿಂದ. ಬರೆಯದೇ ಹೋದ ಕತ್ತಲ ರಾತ್ರಿಯನ್ನು ಅದೆಲ್ಲಿಂದ ಕಲಿತೀತು?

ಇಲ್ಲಿ ಸುಲಭದ ದಾರಿಯೊಂದಿದೆ. ಹೆಚ್ಚು ಜನ ಹುಡುಕುವ ಮೊಹರಂ ಎಂಬ ಒಂದೇ ಮಾತನ್ನು ಉಳಿಸಿಕೊಂಡು, ಅಲಾಯಿಯನ್ನೂ ಕತ್ತಲ ರಾತ್ರಿಯನ್ನೂ ಕೈಬಿಡುವುದು. ಹಲವರು ಹಾಗೆ ಮಾಡುತ್ತಿದ್ದಾರೆ. ಯಂತ್ರದ ಮುಂದಿನ ಮರ್ಜಿ ಬಂದಾಗ ಆ ಮಾತೂ ಕೆಲಸಕ್ಕೆ ಬಾರದಾಗಬಹುದು, ಆದರೆ ಅಷ್ಟರಲ್ಲಿ ಅಲಾಯಿ ಬರಹದಿಂದ ಹೋಗಿರುತ್ತದೆ. ನಷ್ಟದ ಈ ಲೆಕ್ಕವನ್ನು ಯಾವ ಅಂಕಿಅಂಶವೂ ತೋರಿಸುವುದಿಲ್ಲ.

2024ರ ಮೇ ತಿಂಗಳಲ್ಲಿ ಅಮೆರಿಕದಲ್ಲಿಯೂ ಆಗಸ್ಟ್‌ನಲ್ಲಿ ಭಾರತದಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿಯೂ ಯಂತ್ರವೇ ಪುಟಗಳನ್ನು ಓದಿ ಸಾರಾಂಶ ಹೇಳುವ ವ್ಯವಸ್ಥೆ ಬಂತು. ಶುರುವಿನ ದಿನಗಳಲ್ಲಿ ಅದು ಪಿಜ್ಜಾಕ್ಕೆ ಅಂಟು ಬೆರೆಸಿ, ದಿನಕ್ಕೊಂದು ಕಲ್ಲು ತಿನ್ನಿ ಎಂದು ಸಲಹೆ ಕೊಟ್ಟು ನಗೆಪಾಟಲಾಯಿತು. ಎಲ್ಲೋ ಯಾರೋ ತಮಾಷೆಗೆ ಬರೆದದ್ದನ್ನು ನಂಬಿತ್ತು. ಕನ್ನಡವನ್ನು ಕುರೂಪಿ ಎಂದ ರೋಗವೇ ಇದು, ಇನ್ನಷ್ಟು ಆತ್ಮವಿಶ್ವಾಸದೊಡನೆ ಮರಳಿದೆ. ಉತ್ತರ ಅಲ್ಲೇ ಸಿಕ್ಕಿದರೆ ಬರೆದವನ ಪುಟಕ್ಕೆ ಯಾರು ಹೋಗುತ್ತಾರೆ? ಇಪ್ಪತ್ತು ವರ್ಷ ಮೇಲೆ ಕೆಳಗೆ ಎಂದು ಒದ್ದಾಡಿದವರಿಗೆ ಈಗ ಮೇಲೆಂಬುದೇ ಉಳಿಯದಿರಬಹುದು.

ಹಡಗಲಿ ಸೀಮೆಯ ಅಲಾಯಿ ಬಗ್ಗೆ ನಮ್ಮದೊಂದು ಹಳೆಯ ಲೇಖನವಿತ್ತು. ಕಳೆದ ವಾರ ಅದನ್ನು ತೆಗೆದು ಕೂತೆವು. ಮೊದಲ ಸಾಲಿನಲ್ಲೇ ಹಬ್ಬದ ಎಲ್ಲ ಹೆಸರುಗಳನ್ನೂ ಬರೆದೆವು. ಊರಿನ ಹೆಸರಿನ ಮುಂದೆ ತಾಲೂಕು, ಹಿಂದಿನ ಜಿಲ್ಲೆ, ಈಗಿನ ಜಿಲ್ಲೆ ಸೇರಿಸಿದೆವು. ಹಳೆಯ ಫಾಂಟಿನಿಂದ ಯುನಿಕೋಡ್‌ಗೆ ಬದಲಿಸುವಾಗ ಒಡೆದುಹೋಗಿದ್ದ ಒತ್ತಕ್ಷರಗಳನ್ನು ಒಂದೊಂದಾಗಿ ಸರಿಪಡಿಸಿದೆವು. ಕತ್ತಲ ರಾತ್ರಿಯ ಪ್ಯಾರಾವನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟಿದ್ದೇವೆ.