ಬಿಡುವೇ ಇಲ್ಲದವರ ಊರಲ್ಲಿ ಕೆಲಸ ಬಿಡುವ ಮಾತು

ಶ್ರೀರಂಗಪಟ್ಟಣದಲ್ಲಿ ನಾಗಮಂಗಲದ ಬಸ್ಸು ಹತ್ತಿದಾಗ ಮಧ್ಯಾಹ್ನ ಮೂರಾಗಿತ್ತು. ಅಮಾವಾಸ್ಯೆ. ಗಂಜಾಂನ ನಿಮಿಷಾಂಬ ಗುಡಿಗೆ ಹೋಗಿಬಂದ ಹೆಂಗಸರೇ ಬಸ್ಸಿನ ತುಂಬ. ನನ್ನ ಪಕ್ಕ ಕೂತವರಿಗೆ ಐವತ್ತರ ಆಸುಪಾಸು. ಮಡಿಲಲ್ಲೊಂದು ಕವರು, ಅದರಲ್ಲಿ ದೇವಿಯ ಪಾದಕ್ಕಿಟ್ಟು ತಂದ ನಿಂಬೆಹಣ್ಣು, ಕುಂಕುಮದ ಪೊಟ್ಟಣ, ಮೊಮ್ಮಗಳಿಗೆ ಕೊಂಡ ಹಸಿರು ಬಳೆ. ಎರಡೂ ಕೈಯ ಹೆಬ್ಬೆರಳಿನ ಗೆಣ್ಣು ಜಡ್ಡುಗಟ್ಟಿ ಕಪ್ಪಾಗಿತ್ತು. ಕೆಚ್ಚಲಿಗೆ ಹೆಬ್ಬೆರಳು ಮಡಿಚಿಟ್ಟು ವರ್ಷಾನುಗಟ್ಟಲೆ ಹಾಲು ಕರೆದವರ ಕೈ ಹಾಗಾಗುತ್ತದೆ. ಕಂಡಕ್ಟರಿಗೆ ಆಧಾರ್ ಕಾರ್ಡು ತೋರಿಸಿ ಶೂನ್ಯ ದರದ ಟಿಕೆಟ್ ಪಡೆದರು. ಅದನ್ನು ನಾಲ್ಕು ಮಡಿಕೆ ಮಾಡಿ ಎಲೆಅಡಿಕೆ ಚೀಲದೊಳಗೆ ಜೋಪಾನವಾಗಿ ಇಟ್ಟುಕೊಂಡರು.

ಪಾಂಡವಪುರ ದಾಟುವಷ್ಟರಲ್ಲಿ ನನ್ನನ್ನು ಎರಡು ಸಲ ಕೇಳಿದರು: "ಆರು ಗಂಟ್ಗೆ ಡೈರಿಗೆ ಹಾಲಾಕ್ಬೇಕು ಕನವ್ವ, ಅಷ್ಟೊತ್ಗೆ ಓಯ್ತದಾ ಬಸ್ಸು?"

ಜಕ್ಕನಹಳ್ಳಿ ಕಡೆಯವರು. ಮೇಲುಕೋಟೆ ಬೆಟ್ಟ ಅವರ ಹೊಲದಲ್ಲಿ ನಿಂತರೆ ಕಾಣುತ್ತದೆ. ಅಲ್ಲಿನ ವೈರಮುಡಿ ಉತ್ಸವಕ್ಕೆ ಹೋಗ್ತೀರಾ ಎಂದೆ. "ಬೆಟ್ಟ ದಿನಾ ಕಾಣ್ತದೆ, ವೈರಮುಡಿ ನೋಡಿಲ್ಲ ಕನವ್ವ. ಅದು ರಾತ್ರೆಲ್ಲ ನಡೀತದಲ್ಲ. ಬೆಳಗ್ಗೆದ್ದು ಹಾಲು ಕರೆಯೋರ್ ಯಾರು?"

ಮುಂದಿನ ಸೀಟಿನಲ್ಲಿದ್ದ ಗಂಡಸೊಬ್ಬರು ಯಾರನ್ನೂ ನೋಡದೆ, ಎಲ್ಲರಿಗೂ ಕೇಳುವಂತೆ ಹೇಳಿದರು: "ಪುಕ್ಕಟೆ ಬಸ್ಸು ಬಿಟ್ಟಿದ್ದೇ ಬಿಟ್ಟಿದ್ದು, ಮನೇಲಿ ಒಬ್ಳೂ ನಿಲ್ತಾ ಇಲ್ಲ." ಬಸ್ಸಿನ ತುಂಬ ಇದ್ದ ಹೆಂಗಸರಲ್ಲಿ ಒಬ್ಬರೂ ಉತ್ತರ ಕೊಡಲಿಲ್ಲ. ನಾನೂ ಕೊಡಲಿಲ್ಲ. ಆಗ ಕೊಡದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಅದೇ ತಿಂಗಳು ನಮ್ಮ ನೆಂಟರ ಹುಡುಗನೊಬ್ಬ ಬೆಂಗಳೂರಿನ ಸಾಫ್ಟ್‌ವೇರ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ಬೈಕಿನಲ್ಲಿ ಲಡಾಖಿಗೆ ಹೊರಟ. ಹಾರ ಹಾಕಿ ಕಳಿಸಿದರು. ಬದುಕುವುದು ಅಂದರೆ ಇದು, ನಾವೆಲ್ಲ ಗಾಣದೆತ್ತುಗಳು ಎಂದು ನೆಂಟರೆಲ್ಲ ಕೊಂಡಾಡಿದರು. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನು ಮೂರು ವರ್ಷ ರಾತ್ರಿ ಪಾಳಿಯಲ್ಲಿ ಸೊರಗಿದ್ದನ್ನು ಕಂಡಿದ್ದೇನೆ. ಆದರೆ ಕೆಲಸ ಬಿಟ್ಟು ಊರೂರು ಸುತ್ತುವ ಗಂಡಸು ಧೈರ್ಯಶಾಲಿ, ಅರ್ಧ ದಿನ ಬಿಡುವು ಮಾಡಿಕೊಂಡು ಐವತ್ತು ಕಿಲೋಮೀಟರು ಹೋಗಿಬರುವ ಹೆಂಗಸು ಮನೆ ನಿಲ್ಲದವಳು ಎಂಬ ಲೆಕ್ಕಾಚಾರವನ್ನು ನಾನು ಒಪ್ಪಲಾರೆ. ನೌಕರಿ ಬಿಟ್ಟವರಿಗೇ ಸ್ವಾತಂತ್ರ್ಯ, ದಾರಿ ಹಿಡಿದವರಿಗೇ ಸುಖ ಎಂದು ರೀಲ್ಸುಗಳಿಂದ ವಾರಪತ್ರಿಕೆಗಳವರೆಗೆ ಎಲ್ಲೆಡೆ ಕೇಳಿಬರುವ ಮಾತು ನಮ್ಮ ಸೀಮೆಯ ಅರ್ಧ ಜನರನ್ನು ಕಣ್ಣೆತ್ತಿಯೂ ನೋಡಿಲ್ಲ.

ಈ ಮಾತಿಗೆ ಎಲ್ಲರೂ ತೋರಿಸುವ ಉದಾಹರಣೆ ನಮ್ಮ ಪಕ್ಕದ ಮೈಸೂರಿನದೇ. ದಕ್ಷಿಣಾಮೂರ್ತಿ ಕೃಷ್ಣಕುಮಾರ್ ಬೆಂಗಳೂರಿನ ಕಾರ್ಪೊರೇಟ್ ಕೆಲಸ ಬಿಟ್ಟು, ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನ ಹಿಂದೆ ತಾಯಿ ಚೂಡಾರತ್ನ ಅವರನ್ನು ಕೂರಿಸಿಕೊಂಡು 2018ರ ಜನವರಿಯಲ್ಲಿ ಹೊರಟರು. ಮಾತೃಸೇವಾ ಸಂಕಲ್ಪ ಯಾತ್ರೆ ಎಂದು ಹೆಸರಿಟ್ಟರು. 2020ರ ಸೆಪ್ಟೆಂಬರಿನಲ್ಲಿ ಮೈಸೂರಿಗೆ ಮರಳುವಾಗ ಸ್ಕೂಟರು ಸುಮಾರು 56 ಸಾವಿರ ಕಿಲೋಮೀಟರು ಓಡಿತ್ತು. ನೇಪಾಳ, ಭೂತಾನ್, ಮ್ಯಾನ್ಮಾರ್ ನೆಲವನ್ನೂ ಮುಟ್ಟಿ ಬಂದಿತ್ತು.

ನಮ್ಮ ಕಾಲದ ದೊಡ್ಡ ಪ್ರಯಾಣಗಳಲ್ಲಿ ಇದೂ ಒಂದು. ಆದರೆ ಸುದ್ದಿ ಬರೆದವರು ಎತ್ತಿ ತೋರಿಸಿದ್ದೆಲ್ಲ 'ಲಕ್ಷಾಂತರ ಸಂಬಳದ ಕೆಲಸ ಬಿಟ್ಟ ಮಗ' ಎಂಬ ಸಾಲನ್ನು. ಯಾತ್ರೆ ಹುಟ್ಟಿದ ಗಳಿಗೆ ಬೇರೆಯೇ ಇದೆ. ಮಗ ದೂರದ ಕ್ಷೇತ್ರಗಳ ಹೆಸರೆತ್ತಿ ನೋಡಿದ್ದೀಯಾ ಎಂದಾಗ ತಾಯಿ ಪಕ್ಕದ ಬೇಲೂರು ಹಳೇಬೀಡನ್ನೇ ನೋಡಿಲ್ಲ ಎಂದರಂತೆ. ಬೇಲೂರು ಮೈಸೂರಿನಿಂದ ಬೆಳಗ್ಗೆ ಹೊರಟರೆ ಸಂಜೆಗೆ ಮರಳಬಹುದಾದ ಊರು. ಕೂಡು ಕುಟುಂಬದ ಅಡುಗೆಮನೆಯಲ್ಲಿ ಜೀವಮಾನವೆಲ್ಲ ದುಡಿದ ಒಬ್ಬ ಹೆಂಗಸಿಗೆ ಎಪ್ಪತ್ತರ ಹತ್ತಿರಕ್ಕೆ ಬಂದರೂ ಅಲ್ಲಿಗೆ ಹೋಗುವ ಒಂದು ದಿನ ಸಿಕ್ಕಿರಲಿಲ್ಲ. ಸುದ್ದಿಯಾಗಬೇಕಿದ್ದದ್ದು ಅದು. ಮಗನ ರಾಜೀನಾಮೆ ಆ ಸಾಲ ತೀರಿಸಲು ಅವರು ಕಂಡುಕೊಂಡ ದಾರಿ. ಅದೂ ಹದಿಮೂರು ವರ್ಷ ಸಂಬಳಕ್ಕೆ ದುಡಿದು ಉಳಿಸಿದ ಹಣದ ಬಲದಿಂದ. ಹೊಣೆ ಕಳಚಿಕೊಳ್ಳಲು ಹೊರಟವರ ಯಾತ್ರೆ ಅದಾಗಿರಲಿಲ್ಲ. ದೊಡ್ಡದೊಂದು ಹೊಣೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡೇ ಅವರು ಹೊರಟಿದ್ದರು.

ನಮ್ಮ ಸೀಮೆಯಲ್ಲಿ ಅಂಥ ಸಾಲ ಎಷ್ಟು ಮನೆಗಳಲ್ಲಿ ಬಾಕಿ ಇದೆ! ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿ ಹೊಯ್ಸಳರದು. ಹೊರಗೋಡೆಯ ಮೇಲೆ ರಾಮಾಯಣ, ಮಹಾಭಾರತದ ಕೆತ್ತನೆಯಿದೆ. ಕೆ.ಆರ್.ಪೇಟೆ ಪಟ್ಟಣಕ್ಕೆ ಅದು ಕೂಗಳತೆ ದೂರ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಬಸದಿ ನೋಡಲು ದೂರದೂರುಗಳಿಂದ ವಿದ್ವಾಂಸರು ಬರುತ್ತಾರೆ. ಆ ಗುಡಿಗಳ ಸುತ್ತಲ ಹೊಲಗಳಲ್ಲಿ ಕಳೆ ಕೀಳುವವರನ್ನು ಒಳಗೆ ಹೋಗಿ ನೋಡಿದ್ದೀರಾ ಎಂದು ಕೇಳಿ. ಎಷ್ಟೋ ಮಂದಿ ಮದುವೆಯಾಗಿ ಬಂದ ಹೊಸತರಲ್ಲಿ ಒಮ್ಮೆ ಹೋಗಿದ್ದು ಎನ್ನುತ್ತಾರೆ.

ಮೊದಲು ಹೀಗಿರಲಿಲ್ಲ. ಹಳೆಯದನ್ನು ಹೊಗಳುವ ಚಪಲಕ್ಕೆ ಹೇಳುತ್ತಿಲ್ಲ, ಬೆಳೆಯ ಲೆಕ್ಕದಿಂದ ಹೇಳುತ್ತಿದ್ದೇನೆ. ರಾಗಿ ಬೆಳೆಯುತ್ತಿದ್ದ ಮನೆಗೆ ಸುಗ್ಗಿ ಮುಗಿದ ಮೇಲೆ ಮುಂಗಾರಿನ ತನಕ ಬಿಡುವಿನ ಕಾಲ ಅಂತ ಒಂದು ಇತ್ತು. ನಮ್ಮ ಜಾತ್ರೆಗಳೆಲ್ಲ ಆ ಕಾಲದಲ್ಲೇ ಬರುತ್ತವೆ. ಕೆ.ಆರ್.ಪೇಟೆಯ ಹೇಮಗಿರಿ ದನಗಳ ಜಾತ್ರೆ, ಪಾಂಡವಪುರದ ಬೇಬಿ ಬೆಟ್ಟದ ಜಾತ್ರೆ, ಮೇಲುಕೋಟೆಯ ವೈರಮುಡಿ, ಮಾದಪ್ಪನ ಬೆಟ್ಟಕ್ಕೆ ಕಾಲ್ನಡಿಗೆ. ಗಾಡಿಯಲ್ಲಿ ಹುಲ್ಲು, ಹಿಟ್ಟು, ಪಾತ್ರೆ ಹೇರಿಕೊಂಡು ಹೋಗಿ ಮರದ ಬುಡದಲ್ಲಿ ಮೂರು ಕಲ್ಲು ಹೂಡಿ ಬೇಯಿಸಿಕೊಂಡು ನಾಲ್ಕಾರು ದಿನ ಇದ್ದು ಬರುತ್ತಿದ್ದರು. ಯಾರೂ ಕೆಲಸ ಬಿಟ್ಟು ಹೋಗುತ್ತಿರಲಿಲ್ಲ. ಸುತ್ತಾಟಕ್ಕೆ ಬೇಸಾಯದ ವರ್ಷದೊಳಗೇ ಜಾಗವಿತ್ತು.

1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ 1931ರ ಹೊತ್ತಿಗೆ ಮುಗಿಯಿತು. ನಾಲೆ ಬಂತು, 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು, ಗದ್ದೆಗೆ ಕಬ್ಬು ಬಂತು. ಆ ನೀರು ನಮ್ಮನ್ನು ಬದುಕಿಸಿದೆ, ಅದರ ಋಣ ತೀರದು. ಆದರೆ ಕಬ್ಬು ಹನ್ನೆರಡು ತಿಂಗಳ ಬೆಳೆ. ಕಟ್ಟು ನೀರಿನ ಸರದಿ ಯಾವ ರಾತ್ರಿ ಬರುತ್ತದೋ ಆ ರಾತ್ರಿ ಗದ್ದೆಯಲ್ಲಿರಬೇಕು. ಕಟಾವಿಗೆ ಕಾರ್ಖಾನೆಯ ಅನುಮತಿ ಯಾವಾಗ ಸಿಗುತ್ತದೋ ಕಾದಿರಬೇಕು. ಅದರ ಮೇಲೆ ಸೀಮೆಹಸು ಬಂದು ಕೊಟ್ಟಿಗೆಯಲ್ಲಿ ನಿಂತಿತು. ಬೆಳಗ್ಗೆ ಒಮ್ಮೆ, ಸಂಜೆ ಒಮ್ಮೆ, ವರ್ಷದ ಮುನ್ನೂರ ಅರವತ್ತೈದು ದಿನವೂ ಡೈರಿಗೆ ಹಾಲು. ಎಷ್ಟೋ ಮನೆಗಳಲ್ಲಿ ಕೈಗೆ ನಗದು ಕೊಡುವುದು ಅದೊಂದೇ. ಕರೆಯುವುದು, ಸಗಣಿ ಬಾಚುವುದು, ಹುಲ್ಲು ಕೊಯ್ದು ತರುವುದು ಬಹುಪಾಲು ಹೆಂಗಸರ ತಲೆಗೇ ಬಿತ್ತು. ಹೀಗೆ ಬಿಡುವಿನ ಕಾಲವೆಂಬುದೇ ಪಂಚಾಂಗದಿಂದ ಅಳಿಸಿಹೋಯಿತು. ಜಾತ್ರೆಯ ತಾರೀಖು ಮಾತ್ರ ಉಳಿಯಿತು.

ಇಂಥ ಮನೆಯಲ್ಲಿ ಕೂತು 'ಕೆಲಸ ಬಿಟ್ಟು ಸ್ವತಂತ್ರರಾಗಿ' ಎಂಬುದನ್ನು ಓದಿದರೆ ಏನರ್ಥ ಹುಟ್ಟುತ್ತದೆ? ಬಸ್ಸಿನಲ್ಲಿ ನನ್ನ ಪಕ್ಕ ಕೂತಿದ್ದವರಿಗೆ ರಾಜೀನಾಮೆ ಕೊಡಲು ಮೇಲಧಿಕಾರಿ ಇಲ್ಲ. ಪಿಎಫ್ ಇಲ್ಲ, ಗಳಿಕೆ ರಜೆ ಇಲ್ಲ. ಕೆಲಸ ಬಿಡಬೇಕೆಂದರೆ ಹಸು ಮಾರಬೇಕು, ಹಸು ಮಾರಿದರೆ ಸಂಘದ ಸಾಲದ ಕಂತು ಕಟ್ಟುವುದು ಹೇಗೆ?

ಇನ್ನು ನೀರೇ ಸರಿಯಾಗಿ ತಲುಪದ ನಾಗಮಂಗಲದ ಬಯಲು, ಕೆ.ಆರ್.ಪೇಟೆಯ ಒಣ ಹಳ್ಳಿಗಳು. ಅಲ್ಲಿಯವರಿಗೆ ಊರು ಬಿಡುವುದು ಹೊಸತೇನಲ್ಲ. ತಲೆಮಾರುಗಳಿಂದ ಮುಂಬೈ ದಾರಿ ಹಿಡಿದಿದ್ದಾರೆ. ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿದಿದ್ದಾರೆ, ಟ್ಯಾಕ್ಸಿ ಓಡಿಸಿದ್ದಾರೆ. ದೇಶ ಸುತ್ತಿದ ಅನುಭವ ಅವರಿಗಿಂತ ಯಾರಿಗಿದೆ? ಆದರೂ ಅವರನ್ನು ಯಾರೂ ಪ್ರವಾಸಿಗರು ಎನ್ನಲಿಲ್ಲ. 2020ರ ಮೇ ತಿಂಗಳಲ್ಲಿ ಅವರು ಮುಂಬೈ ಬಿಟ್ಟು ಊರಿಗೆ ಬಂದಾಗ ಹಾಸ್ಟೆಲು, ಶಾಲೆಗಳಲ್ಲಿ ಕ್ವಾರಂಟೈನ್ ಆದರು. ಮಂಡ್ಯ ಜಿಲ್ಲೆಯ ಕೊರೋನಾ ಲೆಕ್ಕ ಏರಿದ್ದೇ ಇವರಿಂದ ಎಂದು ದಿನವೂ ಸುದ್ದಿಯಾಯಿತು. ಸ್ವಂತ ಊರಿನ ಜನವೇ ಅವರನ್ನು ಕಂಡು ಬಾಗಿಲು ಹಾಕಿಕೊಂಡರು. ಅದೇ ಲಾಕ್‌ಡೌನಿನಲ್ಲಿ ಕೃಷ್ಣಕುಮಾರ್ ಮತ್ತು ಅವರ ತಾಯಿ ಭೂತಾನ್ ಗಡಿಯಲ್ಲಿ ಸಿಕ್ಕಿಬಿದ್ದಿದ್ದರು. ಅವರ ಕಷ್ಟಕ್ಕೆ ನಾಡೆಲ್ಲ ಮರುಗಿತು, ಮರುಗಿದ್ದು ಸರಿಯೇ. ಆ ಮರುಕದ ಒಂದು ಪಾಲು ಕೆ.ಆರ್.ಪೇಟೆಯ ಹಾಸ್ಟೆಲಿನಲ್ಲಿ ಕೂಸನ್ನು ಎತ್ತಿಕೊಂಡು ಕೂತವರಿಗೂ ಸಲ್ಲಬೇಕಿತ್ತು.

ನೌಕರಿ ಎಂದರೆ ಸಂಕೋಲೆ ಎಂಬ ಮಾತನ್ನಾದರೂ ಒಪ್ಪೋಣ ಎಂದರೆ ಈ ನೆಲದ ದೊಡ್ಡ ಹೆಸರುಗಳೇ ಅಡ್ಡ ಬರುತ್ತವೆ. ಕೆ.ಆರ್.ಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ 1915ರಲ್ಲಿ ಹುಟ್ಟಿದ ಕೆ.ಎಸ್. ನರಸಿಂಹಸ್ವಾಮಿ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತಗಿರಿ ಮಾಡಿಕೊಂಡು, ವರ್ಗವಾದ ಕಡೆಗೆಲ್ಲ ಸಂಸಾರ ಹೊತ್ತುಕೊಂಡು, ಕಡಿಮೆ ಸಂಬಳದಲ್ಲೇ ಬದುಕಿದರು. 'ಮೈಸೂರು ಮಲ್ಲಿಗೆ' 1942ರಲ್ಲಿ ಬಂತು. ಫೈಲಿನ ಮುಂದೆ ಕೂತವರ ಮನಸ್ಸು ಎಷ್ಟು ದೂರ ಹೋಗಿಬರಬಲ್ಲದು ಎಂಬುದು ಅದನ್ನು ಓದಿದವರಿಗೆ ಗೊತ್ತು. ಅದೇ ತಾಲ್ಲೂಕಿನ ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್ ಮೇಷ್ಟರಾಗಿ ದುಡಿದು ನಿವೃತ್ತರಾದ ಮೇಲೆ, ವಯಸ್ಸಾದ ಕಾಲದಲ್ಲಿ ಅಮೆರಿಕಕ್ಕೆ ಹೋಗಿ 'ಅಪರವಯಸ್ಕನ ಅಮೆರಿಕಾ ಯಾತ್ರೆ' ಬರೆದರು. ಜಯಪ್ರಕಾಶ ನಾರಾಯಣರ ಕಾರ್ಯದರ್ಶಿಯಾಗಿದ್ದ ಸುರೇಂದ್ರ ಕೌಲಗಿ 1960ರಲ್ಲಿ ಮೇಲುಕೋಟೆಗೆ ಬಂದು ಜನಪದ ಸೇವಾ ಟ್ರಸ್ಟ್ ಕಟ್ಟಿದರು. ದೊಡ್ಡವರ ಒಡನಾಟದ ಕೆಲಸವನ್ನು ಅವರೂ ಬಿಟ್ಟವರೇ. ಬಿಟ್ಟ ಮೇಲೆ ಊರೂರು ಸುತ್ತಲಿಲ್ಲ. ಒಂದು ಬೆಟ್ಟದ ಮೇಲೆ ನಿಂತು ಖಾದಿ, ಕೈಮಗ್ಗ, ಮಕ್ಕಳ ಆಶ್ರಯ ಎಂದು ಹತ್ತಾರು ವರ್ಷ ದುಡಿದರು. ಈ ಮೂವರಲ್ಲಿ ಯಾರನ್ನು ಸ್ವತಂತ್ರರಲ್ಲ ಎನ್ನೋಣ?

ಹಾಗಾದರೆ ಉಸಿರುಗಟ್ಟುವ ಕೆಲಸದಲ್ಲಿ ಸಾಯುವ ತನಕ ಇರಬೇಕೇ ಎಂದು ನೆಂಟರ ಹುಡುಗ ಕೇಳಿದ. ಬೇಡ, ಖಂಡಿತ ಬೇಡ. ಹನ್ನೆರಡು ಗಂಟೆ ದುಡಿಸಿ, ಭಾನುವಾರವೂ ಫೋನು ಮಾಡುವ ಕಂಪನಿಯನ್ನು ಬಿಟ್ಟು ಬಂದವರನ್ನು ನಾನು ಹೇಡಿ ಎನ್ನಲಾರೆ. ನನ್ನ ತಕರಾರು ಬೇರೆ. ಒಬ್ಬ ಬಿಟ್ಟು ಹೋದರೆ ಆ ಕುರ್ಚಿಗೆ ಇನ್ನೊಬ್ಬ ಬಂದು ಕೂರುತ್ತಾನೆ, ಅದೇ ಹನ್ನೆರಡು ಗಂಟೆ ಅವನನ್ನು ಹಿಂಡುತ್ತದೆ. ಕೆಲಸದ ಹೊತ್ತು ಇಳಿಸಿ, ರಜೆ ಕೊಡಿ ಎಂದು ಜಗಳವಾಡಬೇಕಾದ ಜಾಗದಲ್ಲಿ ಬಿಟ್ಟು ಹೊರಡುವುದನ್ನೇ ಶೌರ್ಯವೆಂದು ಕಲಿಸುತ್ತಿದ್ದೇವೆ. ದಾರಿಯ ಮೇಲೂ ಬಹಳ ಮಂದಿಗೆ ಬಿಡುಗಡೆ ಸಿಗುವುದಿಲ್ಲ. ದಿನಕ್ಕೊಂದು ವಿಡಿಯೊ ಹಾಕದಿದ್ದರೆ ಹೊಟ್ಟೆಗಿಲ್ಲ ಎಂಬ ಸ್ಥಿತಿಗೆ ಬಂದವರು ಹಳೆಯ ಮ್ಯಾನೇಜರನನ್ನು ಬಿಟ್ಟು ಕಣ್ಣಿಗೆ ಕಾಣದ ಮ್ಯಾನೇಜರನಿಗೆ ಸಿಕ್ಕಿರುತ್ತಾರೆ.

ಇನ್ನು ಆ ಪುಕ್ಕಟೆ ಬಸ್ಸಿನ ಮಾತು. 2023ರ ಜೂನ್ 11ರಂದು ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಶುರುವಾದ ಮೇಲೆ ನಮ್ಮ ಕಡೆ ನಡೆದಿರುವುದು ಸಣ್ಣ ವಿಷಯವಲ್ಲ. ಬಸ್ ಚಾರ್ಜಿಗೆ ಗಂಡನ ಜೇಬು ಕಾಯಬೇಕಿದ್ದವರು ಆಧಾರ್ ಕಾರ್ಡು ಹಿಡಿದು ಹೊರಟರು. ಧರ್ಮಸ್ಥಳ ನೋಡಿದರು, ತವರಿಗೆ ಹೋದರು, ಮೈಸೂರಿನ ಆಸ್ಪತ್ರೆಗೆ ಹೋದರು. ಬಸ್ಸುಗಳು ಸಾಲದೆ ಶಾಲೆ ಮಕ್ಕಳಿಗೆ, ನಿತ್ಯ ಓಡಾಡುವವರಿಗೆ ತೊಂದರೆ ಆಗಿರುವುದು ನಿಜ. ಅದಕ್ಕೆ ಮದ್ದು ಬಸ್ಸು ಹೆಚ್ಚಿಸುವುದು. ಹೆಂಗಸರು ಮನೆ ನಿಲ್ಲುತ್ತಿಲ್ಲ ಎಂಬ ಗೊಣಗಾಟದಲ್ಲಿ ಶಾಲೆ ಮಕ್ಕಳ ಚಿಂತೆ ಇಲ್ಲ. ಅಡುಗೆಮನೆಯಲ್ಲಿ ಇರಬೇಕಾದವರು ಕಿಟಕಿ ಸೀಟಿನಲ್ಲಿ ಕೂತಿದ್ದಾರೆ ಎಂಬ ಸಂಕಟ ಅದು.

ಆದರೂ ಬಸ್ಸು ಕೊಟ್ಟರೆ ಅರ್ಧ ಕೆಲಸವಾಯಿತು ಅಷ್ಟೆ. ಟಿಕೆಟ್ಟಿಗೆ ದುಡ್ಡು ಬೇಡ, ಹೋಗಲು ಹೊತ್ತು ಬೇಡವೇ? ಫಿನ್ಲೆಂಡಿನಲ್ಲಿ ಹಸು ಸಾಕುವ ರೈತರಿಗೆ ವರ್ಷಕ್ಕೆ 26 ದಿನ ರಜೆಯನ್ನು ಕಾನೂನೇ ಕೊಟ್ಟಿದೆ. ಆ ದಿನಗಳಲ್ಲಿ ಹಾಲು ಕರೆಯಲು ಬದಲಿ ಕೆಲಸಗಾರರು ಮನೆಗೆ ಬರುತ್ತಾರೆ, ಖರ್ಚು ಸರ್ಕಾರದ್ದು. ಓದಿದಾಗ ನನಗೆ ಮೊದಲು ನೆನಪಾದದ್ದು ಆ ಜಡ್ಡುಗಟ್ಟಿದ ಹೆಬ್ಬೆರಳು. ನಮ್ಮಲ್ಲಿ ಹಳ್ಳಿ ಹಳ್ಳಿಗೂ ಹಾಲು ಉತ್ಪಾದಕರ ಸಹಕಾರ ಸಂಘವಿದೆ. ಯಾರ ಮನೆಯಲ್ಲಿ ಎಷ್ಟು ಹಸು, ಯಾವ ಹೊತ್ತಿಗೆ ಎಷ್ಟು ಲೀಟರು ಎಂಬ ಲೆಕ್ಕ ಸಂಘದ ಪುಸ್ತಕದಲ್ಲಿದೆ. ಊರಿಗೆ ಇಬ್ಬರು ಬದಲಿ ಕರೆಯುವವರನ್ನು ತಯಾರು ಮಾಡಿ, ಪ್ರತಿ ಮನೆಗೆ ವರ್ಷದಲ್ಲಿ ಹತ್ತೇ ಹತ್ತು ದಿನ ಕಳಿಸಿ, ಕೂಲಿಯನ್ನು ಒಕ್ಕೂಟವೂ ಸರ್ಕಾರವೂ ಹಂಚಿಕೊಂಡರೆ ಅದು ಆಗದ ಕೆಲಸವೇ? ಪಶು ವೈದ್ಯರನ್ನು, ಮೇವನ್ನು, ವಿಮೆಯನ್ನು ಸಂಘದ ಮೂಲಕ ತಲುಪಿಸಿದವರಿಗೆ ರಜೆಯೊಂದನ್ನು ತಲುಪಿಸಲು ಆಗುವುದಿಲ್ಲವೇ? ಮುಂದಿನ ಸಂಘದ ಸಭೆಯಲ್ಲಿ ಯಾರಾದರೂ ಒಬ್ಬರು ಎದ್ದು ಇದನ್ನು ಕೇಳಬೇಕು. ಎದ್ದು ಕೇಳುವವರು ಹೆಂಗಸರಾದರೆ ಇನ್ನೂ ಒಳ್ಳೆಯದು.

ಜಕ್ಕನಹಳ್ಳಿಯಲ್ಲಿ ಬಸ್ಸು ನಿಂತಾಗ ಬಿಸಿಲು ಇನ್ನೂ ಇಳಿದಿರಲಿಲ್ಲ. ಕವರನ್ನು ಎದೆಗವಚಿಕೊಂಡು ಇಳಿದ ಅವರು ಬೆಟ್ಟದ ಕಡೆ ನೋಡಲಿಲ್ಲ, ಸೂರ್ಯ ಎಲ್ಲಿದ್ದಾನೆಂದು ನೋಡಿ ಬಿರಬಿರನೆ ನಡೆದರು.

ವೈರಮುಡಿ ಪ್ರತಿ ವರ್ಷ ಫಾಲ್ಗುಣದಲ್ಲಿ ಬರುತ್ತದೆ. ಮಂಡ್ಯದ ಖಜಾನೆಯಿಂದ ಕಿರೀಟ ಹೊರಟು, ಊರೂರಿನಲ್ಲಿ ಪೂಜೆ ಪಡೆದು, ಸಂಜೆಗೆ ಬೆಟ್ಟ ಸೇರುತ್ತದೆ. ಚೆಲುವರಾಯನ ಉತ್ಸವ ರಾತ್ರಿಯೆಲ್ಲ ನಡೆಯುತ್ತದೆ. ಇದನ್ನು ಓದುತ್ತಿರುವ ಗಂಡಸರೇ, ನಿಮ್ಮ ಮನೆಯ ಕೊಟ್ಟಿಗೆಯಲ್ಲೂ ಹಸು ಇರಬಹುದು. ಸರ್ಕಾರ, ಸಂಘ ಎಚ್ಚರಾಗುವ ತನಕ ಕಾಯಬೇಡಿ. ಈ ಸಲ ಮನೆಯವರನ್ನು ಬೆಟ್ಟಕ್ಕೆ ಕಳಿಸಿ, ಬೆಳಗಿನ ಹಾಲು ನೀವು ಕರೆಯಿರಿ.